ಪೋರ್ಟ್‌ಫೋಲಿಯೊ ತಾಣದ ಮೊದಲ ನಕ್ಷೆ

15 ನವೆಂಬರ್ 2025, ಶನಿವಾರ

ಸಾಫ್ಟ್‌ವೇರ್ ಹೆಸರಿನ ಖಾನೆಗಳನ್ನು ಇವತ್ತು ಪೂರ್ತಿ ಕಿತ್ತು ಹಾಕಿದ್ದಾಯಿತು. ಡಿಸೈನ್ ವಿದ್ಯಾರ್ಥಿಗಳಿಗೆ ಪೋರ್ಟ್‌ಫೋಲಿಯೊ, ಅಂದರೆ ತಮ್ಮ ಕೆಲಸ ತೋರಿಸುವ ಕಡತ, ಕಟ್ಟಲು ನೆರವಾಗುವ ಕನ್ನಡ ತಾಣದ ಮೊದಲ ಪುಟದಲ್ಲಿ ಫೋಟೊಶಾಪ್, ಇಲ್ಲಸ್ಟ್ರೇಟರ್, ಫಿಗ್ಮಾ ಎಂಬ ಗುಂಡಿಗಳು ಇನ್ನಿಲ್ಲ. ಆ ಜಾಗಕ್ಕೆ ಐದು ಮಾತು ಬಂದಿವೆ: ‘ಯಾವ ಕೆಲಸ ಇಡಲಿ, ಯಾವುದು ಬಿಡಲಿ?’, ‘ಮೊದಲ ಸ್ಕೆಚ್‌ಗಳೇ ಉಳಿದಿಲ್ಲ’, ‘ಫೋಟೊ ಸರಿಯಾಗಿ ಬರ್ತಿಲ್ಲ’, ‘ಏನು ಬರೀಬೇಕು ಗೊತ್ತಾಗ್ತಿಲ್ಲ’, ‘ನಾಳೆ ಬೆಳಿಗ್ಗೆ ಕಳಿಸಬೇಕು’. ಕಡೆಯದ್ದನ್ನೇ ಹೆಚ್ಚು ಜನ ಒತ್ತುತ್ತಾರೆ ಅನ್ನುವುದರಲ್ಲಿ ನಮಗೆ ಅನುಮಾನವಿಲ್ಲ, ಹಾಗಾಗಿ ಅದನ್ನು ಎಲ್ಲಕ್ಕಿಂತ ಮೇಲೆ ಇಟ್ಟಿದ್ದೇವೆ.

ಸಾಫ್ಟ್‌ವೇರ್ ಪಾಠಗಳಿಗೆ ಬರವೇನೂ ಇಲ್ಲ. ಡಿಸೈನ್ ವಿಷಯಗಳಿಗೆ ಐಐಟಿ ಬಾಂಬೆಯ ಡಿಸೈನ್ ವಿಭಾಗವಾದ ಐಡಿಸಿ ಮುಂದೆ ನಿಂತು ಕಟ್ಟಿದ ಡಿ’ಸೋರ್ಸ್ ತಾಣವಿದೆ. ಕರಕುಶಲ ಕಲೆಗಳ ದಾಖಲೆಯೇ ಅಲ್ಲಿ ಬೇಕಾದಷ್ಟು ಸಿಗುತ್ತದೆ. ಅದನ್ನೇ ಮತ್ತೆ ಕಟ್ಟುವುದು ದಂಡ. ವಿದ್ಯಾರ್ಥಿ ಸಿಕ್ಕಿಹಾಕಿಕೊಳ್ಳುವುದು ಬೇರೆ ಕಡೆ: ನಾಲ್ಕು ವರ್ಷದ ಕೆಲಸ ಮೂರು ಫೋನು, ಎರಡು ಪೆನ್‌ಡ್ರೈವ್, ಒಂದು ಹರಿದ ನೋಟ್‌ಬುಕ್ಕಿನಲ್ಲಿ ಚೆದುರಿಹೋಗಿರುತ್ತದೆ, ಅದರಲ್ಲಿ ಯಾವುದು ತೋರಿಸುವಂಥದ್ದು ಅಂತ ಹೇಳುವವರಿರುವುದಿಲ್ಲ. ಆದ್ದರಿಂದ ತಾಣದ ಪ್ರತಿ ಪುಟಕ್ಕೂ ಒಂದೇ ಕೆಲಸ. ಅರ್ಧ ಗಂಟೆಯಲ್ಲಿ ಮುಗಿಯಬೇಕು, ಮುಗಿದಾಗ ಕೈಯಲ್ಲಿ ಒಂದು ಫೈಲ್ ಉಳಿದಿರಬೇಕು. ಓದಿ ತಲೆದೂಗಿ ಮುಚ್ಚುವ ಪುಟ ಬೇಡ.

‘ಯಾವುದು ಬಿಡಲಿ’ ಪುಟದ ಮೊದಲ ಪ್ರಶ್ನೆ, ಇದನ್ನು ನೋಡುವವರು ಯಾರು ಎಂಬುದು. ಸೀಡ್ ಪ್ರವೇಶ ಪರೀಕ್ಷೆ ಬರೆದು ಎಂ.ಡೆಸ್. (ಡಿಸೈನ್ ಸ್ನಾತಕೋತ್ತರ ಪದವಿ) ಸಂದರ್ಶನಕ್ಕೆ ಹೋಗುವವರ ಮುಂದೆ ಕೂರುವುದು ಅಧ್ಯಾಪಕರು. ಯೋಚನೆ ಹೇಗೆ ತಿರುಗಿತು, ಯಾವುದನ್ನು ಏಕೆ ಕೈಬಿಟ್ಟಿರಿ ಎಂದು ಅವರು ಕೆದಕುತ್ತಾರೆ. ಕೆಲಸಕ್ಕೆ ಕರೆಯುವವರಿಗೆ ಅಷ್ಟು ಪುರುಸೊತ್ತಿಲ್ಲ. ಮೂರು ನಾಲ್ಕು ಪ್ರಾಜೆಕ್ಟ್, ಅದರಲ್ಲೂ ಮೊದಲನೆಯದೇ ಗಟ್ಟಿಯಾಗಿರಬೇಕು. ಒಂದೇ ಪಿಡಿಎಫ್ ಇಬ್ಬರಿಗೂ ಕಳಿಸಿದರೆ ಒಬ್ಬರಿಗೆ ತೆಳು, ಇನ್ನೊಬ್ಬರಿಗೆ ಭಾರ. ಅದಕ್ಕೇ ಟೆಂಪ್ಲೇಟಿನಲ್ಲಿ ಪ್ರಾಜೆಕ್ಟನ್ನು ಆರು ಚೌಕಟ್ಟಾಗಿ ಒಡೆದಿದ್ದೇವೆ. ಸಮಸ್ಯೆ ಮತ್ತು ಅದು ಯಾರದು ಎನ್ನುವುದು ಎರಡೇ ವಾಕ್ಯದಲ್ಲಿ, ಜಾಗಕ್ಕೆ ಹೋಗಿ ಕಂಡದ್ದು, ಕೈಬಿಟ್ಟ ಮೂರು ಯೋಚನೆ ಮತ್ತು ಒಂದೊಂದಕ್ಕೂ ಕಾರಣ, ಮಾದರಿ ಮಾಡಿ ಬಳಸುವವರ ಕೈಗೆ ಕೊಟ್ಟಾಗ ಆದದ್ದು, ಕೊನೆಯ ರೂಪ, ಗುಂಪಿನ ಕೆಲಸವಾದರೆ ತನ್ನ ಪಾಲು. ಕೆಲಸಕ್ಕೆ ಕಳಿಸುವಾಗ ಎರಡು ಮತ್ತು ಮೂರನೆಯದನ್ನು ಒಂದೇ ಪುಟಕ್ಕೆ ಇಳಿಸಬಹುದು. ಆರನೆಯದನ್ನು ಮಾತ್ರ ಎಲ್ಲೂ ಬಿಡುವಂತಿಲ್ಲ. ‘ನಾವು ಮಾಡಿದೆವು’ ಎಂದು ಬರೆದವರನ್ನು ಸಂದರ್ಶನದಲ್ಲಿ ‘ಇದರಲ್ಲಿ ನೀವೇನು ಮಾಡಿದ್ರಿ?’ ಎಂದು ಕೇಳಿಯೇ ಕೇಳುತ್ತಾರೆ.

ಸ್ಕೆಚ್ ಉಳಿದಿಲ್ಲ ಎನ್ನುವವರಿಗೆ ಹುಡುಕುವ ದಾರಿ ಬರೆದಿದ್ದೇವೆ. ಮೊದಲು ಪ್ರಾಜೆಕ್ಟಿನ ವಾಟ್ಸ್ಆ್ಯಪ್ ಗುಂಪು: ಅಲ್ಲಿನ ಫೋಟೊ ಕುಗ್ಗಿರುತ್ತದೆ, ಆದರೆ ಯಾವ ದಿನ ಹಾಕಿದ್ದು ಎಂಬುದು ಸಿಗುತ್ತದೆ. ಆಮೇಲೆ ಸಹಪಾಠಿಗಳ ಫೋನ್ ಗ್ಯಾಲರಿ, ಮೇಷ್ಟ್ರಿಗೆ ಕಳಿಸಿದ ಹಳೆಯ ಮೇಲ್. ಫಿಗ್ಮಾದ ಉಚಿತ ಖಾತೆಯಲ್ಲಿ ಹಳೆಯ ಆವೃತ್ತಿಗಳು 30 ದಿನದವರೆಗೆ ಮಾತ್ರ ಕಾಣುವುದರಿಂದ ಅದನ್ನು ತಡ ಮಾಡದೆ ನೋಡಬೇಕು. ಏನೂ ಸಿಗದಿದ್ದರೆ ‘ನೆನಪಿನಿಂದ ಮತ್ತೆ ಬರೆದದ್ದು’ ಎಂದು ಕೆಳಗೆ ನಮೂದಿಸಿ ಒಂದೇ ರೇಖಾಚಿತ್ರ ಹಾಕಲಿ. ಮುಗಿದ ಮೇಲೆ ಕೂತು ತಯಾರಿಸಿದ ‘ಮೊದಲ’ ಸ್ಕೆಚ್‌ಗಳು ಸುಲಭವಾಗಿ ಗುರುತಾಗುತ್ತವೆ: ಎಲ್ಲಕ್ಕೂ ಒಂದೇ ಪೆನ್ನು, ಒಂದೇ ಕಾಗದ, ಒಂದು ಗೀಟೂ ಅಳಿಸಿಲ್ಲ, ಮೊದಲನೆಯದೇ ಕೊನೆಯದರಂತಿದೆ.

ದಿನದ ಹೆಚ್ಚಿನ ಹೊತ್ತು ಹೋದದ್ದು ಫೋಟೊ ಪುಟಕ್ಕೆ. ಕರ್ನಾಟಕದ ಡಿಸೈನ್ ವಿದ್ಯಾರ್ಥಿಗಳ ಕಡತದಲ್ಲಿ ಕರಕುಶಲ ದಾಖಲೆಯ ಪ್ರಾಜೆಕ್ಟ್ ಒಂದಾದರೂ ಇರುವುದು ಸಾಮಾನ್ಯ, ಹಾಗಾಗಿ ಉದಾಹರಣೆಗಳನ್ನೂ ಅಲ್ಲಿಂದಲೇ ತೆಗೆದುಕೊಂಡಿದ್ದೇವೆ. ಚನ್ನಪಟ್ಟಣದ ಬೊಂಬೆಗೆ ಅರಗಿನ ಮೆರುಗಿರುತ್ತದೆ. ಕೋಣೆಯ ಟ್ಯೂಬ್‌ಲೈಟ್ ಉರಿಯುತ್ತಿದ್ದರೆ ಬೊಂಬೆಯ ಹೊಟ್ಟೆಯ ಮೇಲೆ ಉದ್ದನೆಯ ಬಿಳಿ ಗೆರೆ ಬೀಳುತ್ತದೆ, ಆಮೇಲೆ ಎಡಿಟಿಂಗಿನಲ್ಲಿ ಅದನ್ನು ಅಳಿಸಲು ಹೋದರೆ ಬಣ್ಣವೇ ಕೆಡುತ್ತದೆ. ದೀಪ ಆರಿಸಿ, ಬಿಸಿಲು ನೇರ ಬೀಳದ ಕಿಟಕಿಗೆ ತೆಳ್ಳಗಿನ ಬಿಳಿ ಪಂಚೆ ಕಟ್ಟಬೇಕು. ಕಿಟಕಿಯ ಎದುರು ಬದಿಗೆ ಬಿಳಿ ಡ್ರಾಯಿಂಗ್ ಶೀಟ್ ನಿಲ್ಲಿಸಿದರೆ ನೆರಳಿನ ಕಡೆಗೂ ಬೆಳಕು ಹಾಯುತ್ತದೆ. ಹಿನ್ನೆಲೆಗೆ ತಿಳಿ ಬೂದು ಚಾರ್ಟ್ ಪೇಪರ್, ಗೋಡೆಯಿಂದ ಮೇಜಿಗೆ ಮಡಿಕೆ ಬೀಳದಂತೆ ಬಾಗಿಸಿ ಅಂಟಿಸಿದ್ದು. ಫೋನನ್ನು ಬೊಂಬೆಯ ಮೂತಿಗೆ ಹಿಡಿದರೆ ದುಂಡನೆಯ ತಲೆ ಮೊಟ್ಟೆಯಂತೆ ಉಬ್ಬುತ್ತದೆ. ಒಂದೂವರೆ ಮೀಟರ್ ಹಿಂದೆ ಸರಿದು 2 ಪಟ್ಟು ಜೂಮ್ ಮಾಡಿದರೆ ಆಕಾರ ಸರಿಯಾಗಿ ಕೂರುತ್ತದೆ.

ಬಿದರಿ ಸಾಮಾನು ಇದಕ್ಕೆ ಉಲ್ಟಾ. ಕಪ್ಪು ಮೈ ಕಂಡ ಕೂಡಲೇ ಫೋನ್ ತಾನಾಗಿಯೇ ಬೆಳಕು ಏರಿಸುತ್ತದೆ. ಕಪ್ಪು ಬೂದಾಗುತ್ತದೆ, ಬೆಳ್ಳಿಯ ಕುಸುರಿ ಬರೀ ಬಿಳಿ ಮಚ್ಚೆಯಾಗುತ್ತದೆ. ಪರದೆಯ ಮೇಲೆ ಬೆರಳೊತ್ತಿ ಫೋಕಸ್ ಮತ್ತು ಬೆಳಕನ್ನು ಲಾಕ್ ಮಾಡಿ, ಎಕ್ಸ್‌ಪೋಷರ್ ಅನ್ನು ಮೈನಸ್ ಒಂದರ ಹತ್ತಿರಕ್ಕೆ ಇಳಿಸಬೇಕು. ಬಿಳಿ ಕಾರ್ಡನ್ನು ಓರೆಯಾಗಿ ಹಿಡಿದು ನಿಧಾನಕ್ಕೆ ತಿರುಗಿಸುತ್ತಾ ಹೋದರೆ ಒಂದು ಕೋನದಲ್ಲಿ ಬೆಳ್ಳಿ ಮಾತ್ರ ಬೆಳಗುತ್ತದೆ, ಕಪ್ಪು ಕಪ್ಪಾಗಿಯೇ ಉಳಿಯುತ್ತದೆ. ಆಗ ಕ್ಲಿಕ್ಕಿಸಬೇಕು.

ಕಸೂತಿಗೆ ಇನ್ನೊಂದು ಸೂಚನೆ, ಇದನ್ನು ಬಹಳ ಜನ ಬಿಡುತ್ತಾರೆ: ಬಟ್ಟೆಯ ಹಿಂಬದಿಯನ್ನೂ ತೆಗೆಯಿರಿ. ಗವಂತಿ, ಮುರ್ಗಿ ಹೊಲಿಗೆಗಳು ಎರಡೂ ಬದಿಗೆ ಒಂದೇ ಥರ ಕಾಣುತ್ತವೆ, ಗಂಟೂ ಇರುವುದಿಲ್ಲ. ಮುಂಬದಿ, ಹಿಂಬದಿ ಅಕ್ಕಪಕ್ಕ ಇಟ್ಟ ಒಂದೇ ಚಿತ್ರ, ಅಂಚಿಗೊಂದು ಸ್ಕೇಲ್, ಪಕ್ಕದಿಂದ ಓರೆ ಬೆಳಕು. ಹೊಲಿಗೆ ಅರ್ಥವಾಗಿದೆ ಎಂದು ಬೇರೆ ಬರೆದು ಹೇಳಬೇಕಾಗಿಲ್ಲ.

ಈ ಪುಟದ ಬುಡದಲ್ಲೇ ಒಪ್ಪಿಗೆ ಪತ್ರದ ನಮೂನೆಯೂ ಇದೆ. ಅರ್ಧ ಪುಟ, ಸರಳ ಕನ್ನಡ, ಕುಶಲಕರ್ಮಿಗೆ ಓದಿ ಹೇಳುವಂಥದ್ದು. ಫೋಟೊ ಹಾಕಬಹುದೇ, ಹೆಸರು ಹಾಕಬಹುದೇ, ವಿನ್ಯಾಸವನ್ನು ತೋರಿಸಬಹುದೇ ಎಂಬ ಮೂರಕ್ಕೂ ಬೇರೆ ಬೇರೆ ಗುರುತು. ಮೂರನ್ನೂ ಒಂದೇ ಸಹಿಗೆ ತುರುಕುವುದು ನಮಗೆ ಒಪ್ಪಿಗೆಯಿಲ್ಲ. ಮನೆತನದಲ್ಲಿ ಬಂದ ವಿನ್ಯಾಸದ ಕೆಳಗೆ ವಿದ್ಯಾರ್ಥಿಯ ಹೆಸರಷ್ಟೇ ಇದ್ದರೆ ಅದನ್ನು ನೋಡುವವರು ಗಮನಿಸದೆ ಇರುವುದಿಲ್ಲ.

ಕನ್ನಡ ಅಕ್ಷರ ಇರುವ ಪುಟಗಳಿಗೆ ಬೇರೆ ಸೂಚನೆ ಬೇಕೇ ಬೇಕು. ಪುಟ ಜೋಡಿಸುವ ಇನ್‌ಡಿಸೈನ್‌ನಲ್ಲಿ ಭಾರತೀಯ ಲಿಪಿಗಳನ್ನೂ ಸರಿಯಾಗಿ ಕೂಡಿಸುವ ವರ್ಲ್ಡ್-ರೆಡಿ ಕಂಪೋಸರ್ ಆರಿಸದಿದ್ದರೆ ‘ಸ್ತ್ರೀ’ ಎಂಬುದು ‘ಸ್‌ತ್‌ರೀ’ ಆಗಿ ಚೂರಾಗುತ್ತದೆ. ಫೋಟೊಶಾಪ್‌ನ ಹಳೆಯ ಆವೃತ್ತಿಗಳಲ್ಲಿ ಟೈಪ್ ಆಯ್ಕೆಗಳೊಳಗೆ ವರ್ಲ್ಡ್-ರೆಡಿ ಲೇಔಟ್ ನೋಡಬೇಕು. ನುಡಿ ತಂತ್ರಾಂಶದ ಹಳೆಯ ಫೈಲಿನಿಂದ ನಕಲು ಮಾಡಿದ ಸಾಲು ಬೇರೆ ಫಾಂಟಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತದೆ. ಮೊದಲು ಯುನಿಕೋಡ್‌ಗೆ ಪರಿವರ್ತಿಸಿ ಆಮೇಲೆ ಅಂಟಿಸಬೇಕು. ಅಕ್ಷರ 16 ಪಿಕ್ಸೆಲ್ ಇದ್ದರೆ ಸಾಲಿನ ಎತ್ತರ 27 ಇರಲಿ. ಇಂಗ್ಲಿಷ್‌ಗೆ ಸಾಕಾಗುವ 22 ಇಟ್ಟರೆ ‘ರಾಷ್ಟ್ರೀಯ’ದ ಒತ್ತುಗಳು ಕೆಳಗಿನ ಸಾಲಿನ ತಲೆಕಟ್ಟಿಗೆ ತಗುಲುತ್ತವೆ. ಅನೆಕ್ ಕನ್ನಡ, ಬಾಲೂ ತಮ್ಮ, ನೋಟೊ ಸೆರಿಫ್ ಕನ್ನಡ ಮುಕ್ತ ಪರವಾನಗಿಯಲ್ಲಿ ಸಿಗುತ್ತವೆ. ಎಲ್ಲಿಂದಲೋ ಎತ್ತಿಕೊಂಡ ಫಾಂಟ್ ಬೇಡ.

‘ನಾಳೆ ಬೆಳಿಗ್ಗೆ ಕಳಿಸಬೇಕು’ ಪುಟ ಚಿಕ್ಕದು. ಪಿಡಿಎಫ್ 1920×1080 ಅಳತೆ, 20 ಪುಟದೊಳಗೆ, 10 ಎಂಬಿಯೊಳಗೆ. ಚಿತ್ರಗಳ ಉದ್ದನೆಯ ಬದಿ 1600 ಪಿಕ್ಸೆಲ್, ಜೆಪೆಗ್ ಗುಣಮಟ್ಟ 80, ಬಣ್ಣ ಪರದೆಗೆ ಹೊಂದುವ ಎಸ್‌ಆರ್‌ಜಿಬಿ. ಮುದ್ರಣಕ್ಕೆಂದು ಸಿಎಂವೈಕೆಯಲ್ಲಿ ಉಳಿಸಿದ್ದನ್ನೇ ಹಾಕಿದರೆ ಪರದೆಯಲ್ಲಿ ಬಣ್ಣ ಬೇರೆಯಾಗಿ ಕಾಣಬಹುದು. ಜಿಮೇಲ್ ಮಿತಿ 25 ಎಂಬಿ ಎಂದು ನೆಚ್ಚಿಕೊಳ್ಳುವಂತಿಲ್ಲ, ಲಗತ್ತಿಸಿದ ಫೈಲ್ ಮೇಲ್‌ನಲ್ಲಿ ಹೋಗುವಾಗ ಸುಮಾರು ಮೂರನೇ ಒಂದರಷ್ಟು ಉಬ್ಬುತ್ತದೆ. ಡ್ರೈವ್ ಲಿಂಕ್ ಕಳಿಸುವುದಾದರೆ ಅನುಮತಿ ತಾನಾಗಿ ತೆರೆದಿರುವುದಿಲ್ಲ. ಇನ್ನೊಬ್ಬರ ಫೋನಿನಲ್ಲಿ, ಇನ್‌ಕಾಗ್ನಿಟೊದಲ್ಲಿ ತೆರೆದು ನೋಡಿಯೇ ಕಳಿಸಬೇಕು. ಫೈಲಿನ ಹೆಸರು ‘ಫೈನಲ್ ಫೈನಲ್ 2’ ಆಗಿರಬಾರದು ಎಂದು ಬೇರೆ ಬರೆಯಬೇಕೇ ಎಂಬ ಚರ್ಚೆ ನಡೆಯಿತು, ಬರೆದಿದ್ದೇವೆ.

ಪೂರ್ತಿ ಮಾದರಿ ಪೋರ್ಟ್‌ಫೋಲಿಯೊ ಒಂದನ್ನೂ ಹಾಕುವುದಿಲ್ಲ ಎಂದು ತೀರ್ಮಾನವಾಗಿದೆ. ಹಾಕಿದರೆ ಮುಂದಿನ ವರ್ಷ ಎಲ್ಲರದೂ ಅದೇ ಮುಖಪುಟ, ಅದೇ ಬಣ್ಣ. ಬಿಡಿ ಪುಟಗಳಿಗೆ ಅಂಚಿನಲ್ಲಿ ಟಿಪ್ಪಣಿ ಬರೆದು ತೋರಿಸಿದರೆ ಸಾಕು. ಪುಟ ಕೊಟ್ಟ ವಿದ್ಯಾರ್ಥಿ ಒಂದು ಮೇಲ್ ಬರೆದರೆ ವಾರದೊಳಗೆ ತೆಗೆಯುತ್ತೇವೆ, ಕಾರಣ ಕೇಳುವುದಿಲ್ಲ. ಪೂರ್ತಿ ಮಾದರಿ ಹಾಕದಿರುವುದರಲ್ಲಿ ಇನ್ನೊಂದು ಲೆಕ್ಕವೂ ಇದೆ. ತಾಣವನ್ನು ಇಡುವುದು ಗಿಟ್‌ಹಬ್ ಪೇಜಸ್ ಎಂಬ ಜಾಲತಾಣ ಸೇವೆಯಲ್ಲಿ. ಒಟ್ಟು ಗಾತ್ರ 1 ಜಿಬಿ, ತಿಂಗಳಿಗೆ ರವಾನೆ 100 ಜಿಬಿ ಎಂಬುದು ಅಲ್ಲಿನ ಮಿತಿ. ಪುಟ 400 ಕೆಬಿ ಇದ್ದರೆ ಎರಡೂವರೆ ಲಕ್ಷ ಸಲ ತೆರೆಯಬಹುದು. 10 ಎಂಬಿಯ ಪಿಡಿಎಫ್ ಇಟ್ಟರೆ ಹತ್ತು ಸಾವಿರ ಡೌನ್‌ಲೋಡ್‌ಗೆ ಮುಗಿಯಿತು.

ಹುಡುಕಾಟ ಇನ್ನೂ ತೊಂದರೆ ಕೊಡುತ್ತಿದೆ. ‘ಪೋರ್ಟ್‌ಫೋಲಿಯೊ’ ಎಂದು ಒಬ್ಬರು ನಡುವೆ ಕಾಣದ ಜೋಡಣೆ-ತಡೆ ಅಕ್ಷರ ಹಾಕಿ ಬರೆಯುತ್ತಾರೆ, ಇನ್ನೊಬ್ಬರು ‘ಪೋರ್ಟ್ಫೋಲಿಯೋ’ ಎಂದು ಒತ್ತಿ ಬರೆಯುತ್ತಾರೆ. ಗಣಕಕ್ಕೆ ಇವೆರಡೂ ಬೇರೆ ಪದ. ಸೂಚಿ ಕಟ್ಟುವಾಗಲೂ, ಬಳಸುವವರು ಟೈಪಿಸಿದಾಗಲೂ ಆ ಕಾಣದ ಅಕ್ಷರ ತೆಗೆದು, ಕೊನೆಯ ಒ-ಓ ವ್ಯತ್ಯಾಸ ಮರೆತು, ಪದದ ಮೊದಲ ಭಾಗ ಹೊಂದಿದರೂ ಸಾಕು ಎಂದು ಇಟ್ಟರೆ ‘ಪೋರ್ಟ್‌ಫೋಲಿಯೊದಲ್ಲಿ’, ‘ಪೋರ್ಟ್‌ಫೋಲಿಯೊಗೆ’ ಕೂಡ ಸಿಗುತ್ತವೆ. ಪ್ರವೇಶದ ದಿನಾಂಕಗಳನ್ನು ತಾಣದಲ್ಲಿ ಬರೆಯುವುದಿಲ್ಲ. ವರ್ಷ ವರ್ಷ ಬದಲಾಗುವುದಕ್ಕೆ ಆಯಾ ಸಂಸ್ಥೆಯ ಅಧಿಕೃತ ಪುಟದ ಲಿಂಕ್ ಸಾಕು. ಆ ಲಿಂಕ್‌ಗಳನ್ನು ಜೂನ್, ಡಿಸೆಂಬರ್‌ನಲ್ಲಿ ತಪಾಸಣೆ ಮಾಡಿ, ನೋಡಿದ ದಿನವನ್ನು ಪುಟದ ಮೇಲೆಯೇ ಹಾಕಬೇಕು.

ಸೋಮವಾರ ಐದು ವಿದ್ಯಾರ್ಥಿಗಳಿಗೆ ಅವರವರ ಫೋನಿನಲ್ಲೇ ತಾಣ ತೆರೆದು ಕೊಡುವುದು. ಹೇಳುವುದು ಒಂದೇ ಮಾತು: ‘ನಿಮ್ಮ ಒಂದು ಪ್ರಾಜೆಕ್ಟ್ ಬಿಡಬೇಕೋ ಇಡಬೇಕೋ, ಇದರಲ್ಲಿ ನೋಡಿ ನಿರ್ಧರಿಸಿ.’ ಪಕ್ಕದಲ್ಲಿ ಕೂತು ತೋರಿಸಿಕೊಡುವಂತಿಲ್ಲ. ಐವರಲ್ಲಿ ಮೂವರು ಆ ಐದು ಮಾತುಗಳನ್ನು ದಾಟಿ ನೇರ ಹುಡುಕುವ ಪೆಟ್ಟಿಗೆಗೆ ಹೋದರೆ ಮಾತುಗಳನ್ನೇ ಬದಲಿಸಬೇಕು.