ಬುಧವಾರ ಮೂರನೇ ಪೀರಿಯಡ್

2023ರ ಸೆಪ್ಟೆಂಬರ್‌ನಲ್ಲಿ ಇಲ್ಲಿ ಇಂಗ್ಲೆಂಡಿನ ಕವೆಂಟ್ರಿಲಿ ಒಂದು ಸೆಕೆಂಡರಿ ಸ್ಕೂಲಿಗೆ ಫಿಸಿಕ್ಸ್ ಟೀಚರಾಗಿ ಸೇರ್ಕೊಂಡೆ. ಮೊದಲ ದಿನ ಕೈಗೆ ಟೈಮ್‌ಟೇಬಲ್ ಕೊಟ್ರು, ನೋಡಿದ ತಕ್ಷಣ ಎಲ್ಲೋ ತಪ್ಪಾಗಿದೆ ಅಂದ್ಕೊಂಡೆ. ವಾರಕ್ಕೆ 25 ಪೀರಿಯಡ್, ಅದ್ರಲ್ಲಿ ನಂಗಿದ್ದ ಕ್ಲಾಸು 20. ಬುಧವಾರ ಮೂರನೇ ಪೀರಿಯಡ್‌ಗೆ ಹಸಿರು ಬಣ್ಣ ಹಾಕಿ ಇ.ಸಿ.ಟಿ. (ಅರ್ಲಿ ಕರಿಯರ್ ಟೀಚರ್, ಅಂದ್ರೆ ಹೊಸ ಟೀಚರ್) ಅಂತ ಬರೆದಿದ್ರು. ಆಫೀಸಿಗೆ ಹೋಗಿ "ಇದು ಖಾಲಿ ಇದೆ, ಯಾರಾದ್ರೂ ರಜೆ ಹಾಕಿದ್ರೆ ನನ್ನ ಕಳಿಸಿ" ಅಂದೆ. ಅಲ್ಲಿದ್ದಾಕೆ "ಅದು ಖಾಲಿ ಅಲ್ಲ ಮಿಸ್, ಅದು ನಿಮ್ದು, ನಾವು ಮುಟ್ಟೋ ಹಾಗಿಲ್ಲ" ಅಂದ್ಲು.

ಚಿತ್ರದುರ್ಗದಲ್ಲಿ ಆರು ವರ್ಷ ಪ್ರೈವೇಟ್ ಹೈಸ್ಕೂಲಲ್ಲಿ ಪಾಠ ಮಾಡಿದವಳು ನಾನು. ವಾರಕ್ಕೆ 36 ಪೀರಿಯಡ್ ಇರೋದು, ದಿನಕ್ಕೊಂದು ಲೀಷರ್ ಅಂತ ಇದ್ರೂ ಬೆಳಗ್ಗೆ ಪ್ರೇಯರ್ ಮುಗಿಯೋದ್ರೊಳಗೆ ಅಟೆಂಡರ್ ಸಬ್‌ಸ್ಟಿಟ್ಯೂಷನ್ ಬುಕ್ ಹಿಡ್ಕೊಂಡು ಬಂದು ಸೈನ್ ಹಾಕಿಸ್ಕೊಂಡು ಹೋಗೋನು, ಅಲ್ಲಿಗೆ ಆ ಪೀರಿಯಡ್ಡೂ ಹೋಯ್ತು. ನೋಟ್ಸ್ ಕರೆಕ್ಷನ್ ಎಲ್ಲ ಮನೆಗೆ, ಭಾನುವಾರ ಪಾಠ ಟಿಪ್ಪಣಿ ಬರೆಯೋದು. ಅದನ್ನ ನಾನು ಯಾವತ್ತೂ ಕಷ್ಟ ಅಂತ ಲೆಕ್ಕಕ್ಕೇ ತಗೊಂಡಿರ್ಲಿಲ್ಲ, ಟೀಚರ್ ಕೆಲಸ ಅಂದ್ರೆ ಹೀಗೇ ಇರೋದು ಅಂದ್ಕೊಂಡಿದ್ದೆ.

ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಪಿ.ಜಿ.ಸಿ.ಇ. ಮಾಡಿದೆ, ನಮ್ಮ ಬಿ.ಎಡ್ ಥರದ್ದು, ಒಂದು ವರ್ಷದ ಕೋರ್ಸು. ಅದಾದ ಮೇಲೆ ಕೆಲಸ ಸಿಕ್ಕಿದ್ರೂ ಎರಡು ವರ್ಷ ನಿಮ್ಮನ್ನ ಹೊಸಬರು ಅಂತಲೇ ನೋಡ್ತಾರೆ. 2021ಕ್ಕೆ ಮುಂಚೆ ಇದು ಒಂದೇ ವರ್ಷ ಇತ್ತಂತೆ, ಆ ವರ್ಷ ಸೆಪ್ಟೆಂಬರ್‌ನಿಂದ ಎರಡು ಮಾಡಿದ್ರು. ಮೊದಲ ವರ್ಷ ಬೇರೆ ಟೀಚರ್ಸ್‌ಗಿಂತ ನೂರಕ್ಕೆ 10 ಭಾಗ ಪಾಠ ಕಮ್ಮಿ, ಎರಡನೇ ವರ್ಷ 5 ಭಾಗ ಕಮ್ಮಿ. ಇದಲ್ಲದೆ ಪಾಠದ ತಯಾರಿಗೆ, ಪೇಪರ್ ನೋಡೋಕೆ ಅಂತ ಪಾಠದ ಹೊತ್ತಿನ ನೂರಕ್ಕೆ 10 ಭಾಗದಷ್ಟು ಸಮಯ ಎಲ್ಲಾ ಟೀಚರ್‌ಗೂ ಉಂಟು, ಅದಕ್ಕೆ ಪಿ.ಪಿ.ಎ. ಅಂತಾರೆ, 2005ರಿಂದ ಇದೆ. ಆ ಪಿ.ಪಿ.ಎ. ಹೊತ್ತಲ್ಲಿ ರಜೆ ಹೋದವರ ಕ್ಲಾಸಿಗೆ ನಿಮ್ಮನ್ನ ಕಳಿಸೋ ಹಾಗೇ ಇಲ್ಲ. ಹೆಡ್ ಒಳ್ಳೆಯವರಾಗಿದ್ರೆ ಸಿಗುತ್ತೆ ಇಲ್ದಿದ್ರೆ ಇಲ್ಲ ಅನ್ನೋ ಥರದ್ದಲ್ಲ ಇದು, ನೌಕರಿ ಷರತ್ತಲ್ಲೇ ಬರೆದಿರೋದು.

ಆದ್ರೆ ನಾನೇನ್ ಮಾಡ್ದೆ ಅಂದ್ರೆ ಆ ಬುಧವಾರದ ಪೀರಿಯಡ್‌ನಲ್ಲೂ ಪ್ರಾಕ್ಟಿಕಲ್ ರೂಮಿಗೆ ಹೋಗಿ ವೈರು ಬಲ್ಬು ಜೋಡಿಸ್ತಾ ಕೂರ್ತಿದ್ದೆ, ಸಂಜೆ ಮನೆಗೆ 60 ಬುಕ್ ಹೊತ್ಕೊಂಡು ಹೋಗ್ತಿದ್ದೆ, ಒಂದೊಂದು ಬುಕ್ಕಲ್ಲೂ ನಾಕ್ ನಾಕ್ ಸಾಲು ಬರೀತಿದ್ದೆ. ಆರು ವರ್ಷ ಅನುಭವ ಇರೋಳು, ಕಷ್ಟ ಆಗ್ತಿದೆ ಅಂತ ಹೇಳಿದ್ರೆ ಏನಂದ್ಕೋತಾರೋ ಅನ್ನೋ ಭಯ.

ನವೆಂಬರ್ ಬಂತು. ಇಲ್ಲಿ ಚಳಿಗಾಲ ಹೇಗಿರುತ್ತೆ ಅಂದ್ರೆ ಬೆಳಗ್ಗೆ ಮನೆ ಬಿಡುವಾಗಲೂ ಕತ್ತಲು, ಡಿಸೆಂಬರ್‌ನಲ್ಲಂತೂ ಸಂಜೆ ನಾಲ್ಕಕ್ಕೇ ಸೂರ್ಯ ಮುಳುಗಿರ್ತಾನೆ, ನಮ್ಮ ದುರ್ಗದ ಬಿಸಿಲಲ್ಲಿ ಬೆಳೆದ ಮೈಗೆ ಅದು ಏನ್ ಮಾಡುತ್ತೆ ಅಂತ ಮಾತಲ್ಲಿ ಹೇಳೋಕಾಗಲ್ಲ. ಇನ್ನೊಂದು, ಅಲ್ಲಿ ನಾವು ಕ್ಲಾಸೊಳಗೆ ಕಾಲಿಟ್ರೆ ಮಕ್ಕಳು ಎದ್ದು ನಿಂತು ನಮಸ್ತೆ ಮಿಸ್ ಅಂತಿದ್ರು, ಇಲ್ಲಿ ಇಯರ್ 9ರ, ಅಂದ್ರೆ 13-14 ವಯಸ್ಸಿನ ಮಕ್ಕಳು ನಾನು ಇದೀನಿ ಅಂತಾನೇ ನೋಡದೆ ಮಾತಾಡ್ಕೊಂಡು ಇರೋರು. ಸುಮ್ನಿರಿ ಅಂತ ಕೂಗಿ ಕೂಗಿ ಒಂದು ಗುರುವಾರ ಎಲೆಕ್ಟ್ರಿಕ್ ಸರ್ಕ್ಯೂಟ್ ಪಾಠದ ಮಧ್ಯ ಧ್ವನಿನೇ ಹೊರಡ್ಲಿಲ್ಲ. ಬಾಯಿ ಆಡುತ್ತೆ, ಸದ್ದಿಲ್ಲ. ಮಕ್ಕಳೇ ಗಾಬರಿಯಾಗಿ ಸುಮ್ಮನಾದ್ರು. ಒಬ್ಬ ಹುಡುಗ ಎದ್ದು ಹೋಗಿ ನೀರು ತಂದ್ಕೊಟ್ಟ, ಅದನ್ನ ನಾನು ಮರೆಯಲ್ಲ. ಸಂಜೆ ಕಾರ್ ಪಾರ್ಕಲ್ಲಿ ಕಾರೊಳಗೆ ಕೂತು ಅತ್ತೆ, ಸ್ಟಾರ್ಟ್ ಮಾಡೋಕೂ ಮನಸ್ಸು ಬರ್ಲಿಲ್ಲ.

ಮಾರನೇ ದಿನ ನನ್ನ ಮೆಂಟರ್ ಬಂದ್ರು. ಕೆಮಿಸ್ಟ್ರಿ ಟೀಚರ್, ಐವತ್ತು ದಾಟಿದವರು, ನಮ್ಮ ದೊಡ್ಡಮ್ಮನ ಥರ ಮೆತ್ತಗೆ ಮಾತಾಡೋರು. ಇಲ್ಲಿ ಒಂದು ವ್ಯವಸ್ಥೆ ಇದೆ, ಇಡೀ ಪೋಸ್ಟಲ್ಲಿ ಇದೊಂದನ್ನ ಓದಿದ್ರೂ ಸಾಕು ಅಂತ ನಾನು ಹೇಳೋದು: ಹೊಸ ಟೀಚರ್‌ಗೆ ಕಲಿಸೋ ಮೆಂಟರ್ ಬೇರೆ, ಪಾಸೋ ಫೇಲೋ ಅಂತ ರಿಪೋರ್ಟ್ ಬರೆಯೋ ಇಂಡಕ್ಷನ್ ಟ್ಯೂಟರ್ ಬೇರೆ. ಹಾಗಾಗಿ ಮೆಂಟರ್ ಮುಂದೆ ನಂಗೆ ಬರ್ತಿಲ್ಲ ಅಂತ ಹೇಳ್ಕೊಂಡ್ರೆ ಅದು ಫೈಲಿಗೆ ಹೋಗುತ್ತೆ ಅನ್ನೋ ಭಯ ಇಲ್ಲ. ನಮ್ಮಲ್ಲಿ ಕ್ಲಾಸಿನ ಹಿಂದೆ ಯಾರಾದ್ರೂ ಬಂದು ಕೂತ್ರೆ ಅವರು ತಪ್ಪು ಹುಡುಕೋಕೆ ಬಂದೋರು ಅಂತಾನೇ ನಮಗೆ ಅಭ್ಯಾಸ, ಇನ್‌ಸ್ಪೆಕ್ಷನ್ ದಿನ ಮಕ್ಕಳಿಗೂ ಮೊದಲೇ ಉತ್ತರ ಹೇಳ್ಕೊಟ್ಟಿರ್ತೀವಿ. ಮೆಂಟರ್ ವಾರಕ್ಕೊಂದ್ಸಲ ಹದಿನೈದು ನಿಮಿಷ ಹಿಂದೆ ಕೂರೋರು, ಆಮೇಲೆ ಆ ಬುಧವಾರದ ಪೀರಿಯಡ್‌ನಲ್ಲಿ ಟೀ ಕುಡೀತಾ ಒಂದೇ ಒಂದು ವಿಷಯ ಹೇಳೋರು. ಹತ್ತು ಹೇಳ್ತಿರ್ಲಿಲ್ಲ, ಒಂದೇ.

ಧ್ವನಿ ಹೋದ ವಾರ ಅವರು ಹೇಳಿದ್ದು, ಬಾಗಿಲಲ್ಲಿ ನಿಲ್ಲು, ಒಳಗೆ ಬರೋ ಪ್ರತಿ ಮಗುನೂ ಹೆಸರು ಹಿಡಿದು ಕರಿ, ಬೋರ್ಡ್ ಮೇಲೆ ಮೊದಲೇ ಐದು ಪ್ರಶ್ನೆ ಬರೆದಿಡು, ಕೂಗೋ ಅವಶ್ಯಕತೆನೇ ಬರಬಾರ್ದು. ಮಾತಾಡ್ತಿದ್ರೆ ನೀನು ನಿಲ್ಸು, ಕಾಯಿ. ಮುಂದಿನ ವಾರ, ಪ್ರಶ್ನೆ ಕೇಳಿದ ಮೇಲೆ ಮೂರು ಸೆಕೆಂಡ್ ಸುಮ್ನಿರು. ಇದನ್ನ ಅಮೆರಿಕದ ಮೇರಿ ಬಡ್ ರೋ ಅನ್ನೋ ಶಿಕ್ಷಣ ಸಂಶೋಧಕಿ 1970ರ ದಶಕದಲ್ಲೇ ತೋರ್ಸಿದ್ದಾರೆ, ಟೀಚರ್ಸ್ ಸಾಮಾನ್ಯವಾಗಿ ಪ್ರಶ್ನೆ ಕೇಳಿ ಒಂದು ಸೆಕೆಂಡ್ ಕಾಯೋದೇ ಹೆಚ್ಚು, ಮೂರು ಸೆಕೆಂಡ್ ಕಾದ್ರೆ ಮಕ್ಕಳ ಉತ್ತರ ಉದ್ದ ಆಗುತ್ತೆ, ಸುಮ್ನೆ ಕೂರೋ ಮಕ್ಕಳೂ ಬಾಯಿ ಬಿಡ್ತಾರೆ. ಮಾಡಿ ನೋಡಿ, ಆ ಮೂರು ಸೆಕೆಂಡ್ ಎಷ್ಟು ಉದ್ದ ಅನ್ಸುತ್ತೆ ಅಂತ. ನನ್ನ ಬಿ.ಎಡ್‌ನಲ್ಲಿ ಇದನ್ನ ಪರೀಕ್ಷೆಗೆ ಓದಿದ್ದೆ, ಕ್ಲಾಸಲ್ಲಿ ಮಾಡಿದ್ದು ಇಲ್ಲಿಗೆ ಬಂದ ಮೇಲೆ, ಯಾಕಂದ್ರೆ ಹಿಂದೆ ಕೂತು ಸೆಕೆಂಡ್ ಎಣಿಸೋರು ಯಾರೂ ಇರ್ಲಿಲ್ಲ.

ಬುಕ್ ಮನೆಗೆ ಹೊರೋದನ್ನೂ ಅವರೇ ನಿಲ್ಲಿಸಿದ್ರು. 2016ರಲ್ಲಿ ಇಲ್ಲಿ ಸರ್ಕಾರ ನೇಮಿಸಿದ ಗುಂಪೊಂದು ಮಾರ್ಕಿಂಗ್ ಬಗ್ಗೆ ರಿಪೋರ್ಟ್ ಕೊಟ್ಟಿತ್ತಂತೆ, ತಿದ್ದೋದು ಅರ್ಥ ಇರೋ ಹಾಗೆ, ಟೀಚರ್ ಕೈಲಿ ಆಗೋ ಹಾಗೆ, ಮಕ್ಕಳಿಗೆ ಹುರುಪು ಕೊಡೋ ಹಾಗೆ ಇರ್ಬೇಕು ಅಂತ. 30 ಬುಕ್ ಓದು, ಎಲ್ರೂ ಮಾಡಿರೋ ಮೂರು ತಪ್ಪು ಒಂದು ಹಾಳೆಲಿ ಬರ್ಕೋ, ಮಾರನೇ ದಿನ ಇಡೀ ಕ್ಲಾಸಿಗೆ ಆ ಮೂರನ್ನೇ ಮತ್ತೆ ಹೇಳ್ಕೊಡು ಅಂದ್ರು. ನಾಲ್ಕು ಗಂಟೆ ಹಿಡೀತಿದ್ದ ಕೆಲಸ ನಲವತ್ತು ನಿಮಿಷಕ್ಕೆ ಇಳೀತು. ನಿಜ ಹೇಳ್ಬೇಕಂದ್ರೆ ಮೊದಲ ಎರಡು ವಾರ ತಪ್ಪು ಮಾಡ್ತಿದೀನಿ ಅನ್ಸೋದು, ಕೆಂಪಿಂಕು ಇಲ್ದಿರೋ ಬುಕ್ಕು ನೋಡಿದ್ರೆ ಸಂಕಟ. ಮಕ್ಕಳ ಟೆಸ್ಟ್ ಪೇಪರ್‌ನಲ್ಲಿ ಆ ತಪ್ಪುಗಳು ಕಮ್ಮಿ ಆಗಿದ್ದು ನೋಡಿದ ಮೇಲೇ ಸಮಾಧಾನ ಆಗಿದ್ದು.

ಮೈ ಮನಸ್ಸಿನ ವಿಷಯಕ್ಕೆ ಬರ್ತೀನಿ. ಇಲ್ಲಿ ಸರ್ಕಾರಿ ಆರೋಗ್ಯ ಇಲಾಖೆನೇ ಶರತ್ಕಾಲ ಮತ್ತೆ ಚಳಿಗಾಲದಲ್ಲಿ ಎಲ್ರೂ ದಿನಕ್ಕೆ 10 ಮೈಕ್ರೋಗ್ರಾಂ ವಿಟಮಿನ್ ಡಿ ತಗೊಳ್ಳೋದನ್ನ ಯೋಚಿಸಿ ಅಂತ ಹೇಳುತ್ತೆ, ನಮ್ಮಂಥ ಕಪ್ಪು ಮೈ ಬಣ್ಣದವರಿಗೆ ವರ್ಷಪೂರ್ತಿ. ನಾನು ಅದನ್ನ ಶುರು ಮಾಡಿದೆ, ಮಧ್ಯಾಹ್ನ ಊಟದ ಬಿಡುವಲ್ಲಿ ಇಪ್ಪತ್ತು ನಿಮಿಷ ಹೊರಗೆ ನಡೀತೀನಿ, ಮಳೆ ಇದ್ರೂ ಸೈ. ಇನ್ನೂ ಮುಖ್ಯವಾದದ್ದು, ಎಜುಕೇಶನ್ ಸಪೋರ್ಟ್ ಅನ್ನೋ ಒಂದು ಸಂಸ್ಥೆ ಇದೆ, 1877ರಷ್ಟು ಹಳೇದು, ಟೀಚರ್ಸ್‌ಗೆ ಅಂತಲೇ ದಿನದ 24 ಗಂಟೆ ಉಚಿತ ಫೋನ್ ಲೈನ್ ಇಟ್ಟಿದೆ. ಒಂದು ಭಾನುವಾರ ರಾತ್ರಿ, ನಾಳೆ ಸ್ಕೂಲು ಅಂದ್ರೆ ಹೊಟ್ಟೆ ಕಿವುಚೋ ಹಾಗಾಗಿ ಫೋನ್ ಮಾಡಿದೆ. ಅರ್ಧ ಗಂಟೆ ಮಾತಾಡ್ದೆ. ಹುಚ್ಚು ಹಿಡಿದವರಷ್ಟೇ ಇಂಥದ್ದಕ್ಕೆ ಫೋನ್ ಮಾಡ್ತಾರೆ ಅಂತ ನಂಬ್ಕೊಂಡು ಬೆಳೆದವಳು ನಾನು, ದಯವಿಟ್ಟು ನೀವ್ಯಾರೂ ಹಾಗೆ ಅಂದ್ಕೋಬೇಡಿ. ನಮ್ಮ ದೇಶದಲ್ಲೂ 2022ರ ಅಕ್ಟೋಬರ್‌ನಿಂದ ಟೆಲಿ ಮಾನಸ್ ಅನ್ನೋ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, 14416ಕ್ಕೆ ಯಾವ ಹೊತ್ತಲ್ಲಾದ್ರೂ ಫೋನ್ ಮಾಡ್ಬಹುದು, ನಮ್ಮ ಬೆಂಗಳೂರಿನ ನಿಮ್ಹಾನ್ಸೇ ಅದಕ್ಕೆ ಮುಖ್ಯ ಕೇಂದ್ರ, ಕನ್ನಡದಲ್ಲೇ ಮಾತಾಡ್ತಾರೆ. ಟೀಚರ್ಸ್‌ಗೆ ಮಾತ್ರ ಅಂತಲ್ಲ, ಆದ್ರೆ ಟೀಚರ್ಸ್‌ಗೂ ಹೌದು.

ಹಾಗಂತ ಇಲ್ಲಿ ಎಲ್ಲಾ ಸರಿ ಇದೆ ಅಂತ ತಿಳ್ಕೋಬೇಡಿ. ಹೊಸದಾಗಿ ಸೇರೋ ಟೀಚರ್ಸಲ್ಲಿ ಸುಮಾರು ಮೂರರಲ್ಲಿ ಒಬ್ಬರು ಐದು ವರ್ಷದೊಳಗೆ ಕೆಲಸ ಬಿಡ್ತಾರೆ. ನಾನು ಪಿ.ಜಿ.ಸಿ.ಇ. ಮಾಡ್ತಿದ್ದಾಗ, 2023ರ ಜನವರಿಯಲ್ಲಿ, ರೆಡಿಂಗ್‌ನ ಒಂದು ಪ್ರೈಮರಿ ಸ್ಕೂಲ್ ಹೆಡ್ ಟೀಚರ್ ಜೀವ ಕಳ್ಕೊಂಡ್ರು, ಶಾಲಾ ತಪಾಸಣೆಯ ಒತ್ತಡವೂ ಅದಕ್ಕೆ ಕಾರಣ ಅಂತ ವಿಚಾರಣೆ ಮಾಡಿದ ಅಧಿಕಾರಿ ಆ ಡಿಸೆಂಬರ್‌ನಲ್ಲಿ ಹೇಳಿದ್ರು. ಆಮೇಲೆ 2024ರ ಸೆಪ್ಟೆಂಬರ್‌ನಲ್ಲಿ ಸರ್ಕಾರಿ ಶಾಲೆಗಳಿಗೆ ತಪಾಸಣೆ ಮಾಡಿ ಇಡೀ ಶಾಲೆನ 'ಗುಡ್', 'ಇನ್‌ಅಡಿಕ್ವೇಟ್' ಅಂತ ಒಂದೇ ಪದದಲ್ಲಿ ಅಳೆಯೋ ಪದ್ಧತಿ ತೆಗೆದ್ರು. ಆ ಸುದ್ದಿ ಬಂದ ದಿನ ಸ್ಟಾಫ್ ರೂಮಲ್ಲಿ ಯಾರೂ ಖುಷಿ ಪಡ್ಲಿಲ್ಲ, ಇದಕ್ಕೆ ಒಂದು ಜೀವ ಹೋಗ್ಬೇಕಿತ್ತಾ ಅಂತ ಸುಮ್ನೆ ಕೂತಿದ್ರು.

ಇದನ್ನೆಲ್ಲ ಈಗ ಬರೆಯೋಕೆ ಕಾರಣ ಹಿರಿಯೂರಿನ ಹತ್ರ ಸರ್ಕಾರಿ ಶಾಲೆಲಿ ಇರೋ ನನ್ನ ಗೆಳತಿ. 2025ರ ದಸರಾ ರಜೆಲಿ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆ ಡ್ಯೂಟಿ ಅಂತ ಮನೆಮನೆ ಸುತ್ತಿ ಬಂದು ರಾತ್ರಿ ಫೋನ್ ಮಾಡಿದ್ಲು. "ಕಾಲು ನೋವು ಬಿಡೇ, ಅದು ಹೋಗುತ್ತೆ, ಹನ್ನೊಂದು ವರ್ಷ ಆಯ್ತು ಕಣೇ, ನನ್ನ ಪಾಠ ಚೆನ್ನಾಗಿದೆಯೋ ಇಲ್ವೋ ಅಂತ ಒಬ್ರೂ ಹೇಳಿಲ್ಲ, ದಾಖಲೆ ಸರಿ ಇದೆಯಾ ಅಂತ ಮಾತ್ರ ಕೇಳ್ತಾರೆ" ಅಂದ್ಲು. ಈ ಮಾತಿಗೆ ನಂಗೆ ನಿದ್ದೆ ಬರ್ಲಿಲ್ಲ. ಒತ್ತಡ ಇದ್ರೆ ಯೋಗ ಮಾಡಿ, ಧ್ಯಾನ ಮಾಡಿ ಅಂತ ಟೀಚರ್ಸ್‌ಗೆ ಹೇಳೋರು ಬೇಕಾದಷ್ಟು ಜನ ಇದಾರೆ, ನಾನು ಯೋಗಕ್ಕೆ ವಿರುದ್ಧ ಅಲ್ಲ, ಆದ್ರೆ ನನ್ನ ಉಳಿಸಿದ್ದು ಯೋಗ ಅಲ್ಲ, ಟೈಮ್‌ಟೇಬಲ್‌ನಲ್ಲಿ ಯಾರೂ ಕಿತ್ಕೊಳ್ಳೋಕೆ ಆಗ್ದಿರೋ ಒಂದು ಪೀರಿಯಡ್ಡು, ಆ ಪೀರಿಯಡ್‌ನಲ್ಲಿ ನನ್ನ ಪಾಠದ ಬಗ್ಗೆ ಮಾತಾಡೋಕೆ ಕೂತ ಒಬ್ಬ ಹಿರಿಯರು.

ನಿಯಮ ಬದಲಾಗೋವರೆಗೆ ಕಾಯೋಕಾಗಲ್ಲ ಅಂತ ನಾವಿಬ್ರೂ ಕೂತು ಒಂದು ಯೋಚನೆ ಮಾಡಿದ್ವಿ. ಅವಳ ಶಾಲೆಲಿ ಗಣಿತ ಮೇಷ್ಟ್ರು ಒಬ್ರಿದಾರೆ, ಹೋದ ವರ್ಷ ಸೇರಿದ ಹುಡುಗ. ವಾರಕ್ಕೊಂದ್ಸಲ ಅವಳು ಹತ್ತು ನಿಮಿಷ ಅವರ ಕ್ಲಾಸಲ್ಲಿ ಕೂರೋದು, ಅವರು ಇವಳ ಕ್ಲಾಸಲ್ಲಿ ಕೂರೋದು, ಪುಸ್ತಕದಲ್ಲಿ ಏನೂ ಬರೆಯೋ ಹಾಗಿಲ್ಲ, ಆಮೇಲೆ ಒಂದೇ ಮಾತು ಹೇಳೋದು. ಮೊದಲ ಸಲ ಆ ಹುಡುಗ ಹೆದರಿ ಬೆವೆತು ಹೋಗಿದ್ನಂತೆ. ಮೂರನೇ ವಾರಕ್ಕೆ ಅವನೇ ಬಂದು "ಮೇಡಮ್, ನಾಳೆ ಭಿನ್ನರಾಶಿ ಮಾಡ್ತಿದೀನಿ, ಹಿಂದಿನ ಬೆಂಚು ನಂಗೆ ಕೈಗೇ ಸಿಗ್ತಿಲ್ಲ, ಬಂದು ನೋಡ್ತೀರಾ" ಅಂದನಂತೆ. ಇದನ್ನ ಹೇಳ್ತಾ ಅವಳ ಧ್ವನಿಲಿ ಇದ್ದ ಖುಷಿ ನಾನು ಎಷ್ಟೋ ವರ್ಷದಿಂದ ಕೇಳಿರ್ಲಿಲ್ಲ.

ನನ್ನ ಎರಡು ವರ್ಷ 2025ರ ಜುಲೈಗೆ ಮುಗೀತು, ಆ ಹಸಿರು ಬಾಕ್ಸು ಈಗ ನಮ್ಮ ಡಿಪಾರ್ಟ್‌ಮೆಂಟಿಗೆ ಬಂದಿರೋ ಹೊಸ ಹುಡುಗಿ ಟೈಮ್‌ಟೇಬಲ್‌ನಲ್ಲಿದೆ, ಅವಳಿಗೆ ನಾನೇ ಮೆಂಟರ್. ಗೆಳತಿ ಅವಳ ಎಚ್.ಎಮ್ ಹತ್ರ ಹೋಗಿ ಆ ಮೇಷ್ಟ್ರಿಗೂ ತನಗೂ ವಾರಕ್ಕೊಂದು ಪೀರಿಯಡ್ ಒಟ್ಟಿಗೆ ಬಿಡುವು ಕೊಡಿ ಅಂತ ಕೇಳಿದಾಳೆ. ಪರೀಕ್ಷೆ ಎಲ್ಲ ಮುಗೀಲಿ, ಜೂನ್ ಟೈಮ್‌ಟೇಬಲ್ ಹಾಕೋವಾಗ ನೋಡೋಣ ಅಂದಿದಾರಂತೆ. ಜೂನ್ ಮೊದಲ ವಾರ ಫೋನ್ ಮಾಡಿ ಏನಾಯ್ತು ಅಂತ ಕೇಳ್ತೀನಿ ಅಂತ ಅವಳಿಗೆ ಹೇಳಿಟ್ಟಿದೀನಿ.