ರಿಟಚಿಂಗ್ (ಕಂಪ್ಯೂಟರಿನಲ್ಲಿ ಫೋಟೋ ತಿದ್ದೋದು) ಕಲಿಯೋಕೆ ಯಾವ ಪುಸ್ತಕ ತಗೊಳ್ಳಲಿ?

ವಾರಕ್ಕೆ ಒಬ್ಬರಾದರೂ ಇದನ್ನು ಕೇಳುತ್ತಾರೆ. ಸ್ಟುಡಿಯೋ ಇಟ್ಟವರು, ಹೊಸದಾಗಿ ಕ್ಯಾಮೆರಾ ಕೊಂಡ ಹುಡುಗರು, ಒಮ್ಮೆ ನಮ್ಮ ಬೀದಿಯ ರಿಟೈರ್ಡ್ ಮೇಷ್ಟ್ರು ಕೂಡ. ನಾನು ಶಿವಮೊಗ್ಗದಲ್ಲಿ ಕೂತು ಬೇರೆ ಬೇರೆ ಸ್ಟುಡಿಯೋಗಳಿಗೆ ಮದುವೆ ಆಲ್ಬಂ ಮಾಡಿಕೊಡುವವನು. ಬೆಳಗಿನಿಂದ ಸಂಜೆವರೆಗೆ ಗುರುತಿಲ್ಲದವರ ಕೆನ್ನೆ, ಹಣೆ, ಕಣ್ಣಿನ ಕೆಳಗಿನ ಕಪ್ಪು ನೋಡುವುದೇ ಕೆಲಸ. ಹಾಗಾಗಿ ಇವನಿಗೆ ಗೊತ್ತಿರುತ್ತೆ ಅಂತ ಅವರ ಲೆಕ್ಕ. ಫೋನಿನಲ್ಲಿ ಅರ್ಧಂಬರ್ಧ ಹೇಳಿ ಸಾಕಾಗಿದೆ. ಪೂರ್ತಿ ಉತ್ತರ ಇಲ್ಲಿ ಬರೆದಿಡುತ್ತೇನೆ.

ಮೊದಲು ನಾನು ಟೋಪಿ ಹಾಕಿಸಿಕೊಂಡ ಕಥೆ. ಕಲಿಯುವ ಕಾಲದಲ್ಲಿ ಒಂದು ದಪ್ಪ ಪುಸ್ತಕ ಆನ್‌ಲೈನಿನಲ್ಲಿ ಅಗ್ಗಕ್ಕೆ ಕಾಣಿಸಿತು. ಇಂಪೋರ್ಟೆಡ್ ಪ್ರತಿಯ ಕಾಲು ಭಾಗದ ಬೆಲೆ. ತಕ್ಷಣ ತರಿಸಿದೆ. ಕವರ್ ಮಿರಮಿರ ಮಿಂಚುತ್ತಿತ್ತು. ಬಿಚ್ಚಿ ನೋಡಿದರೆ ಒಳಗೆಲ್ಲ ಕಪ್ಪುಬಿಳುಪು! ಇಲ್ಲಿನ ಅಗ್ಗದ ಮರುಮುದ್ರಣ ಅದು. ಎಡಗಡೆ ಮುಖದ ಕೆನ್ನೆ ಕೆಂಪಾಗಿದೆ, ಬಲಗಡೆ ಆ ಕೆಂಪು ಇಳಿದಿದೆ, ಹೋಲಿಸಿ ನೋಡಿ ಎನ್ನುತ್ತದೆ ಪುಸ್ತಕ. ನಾನು ನೋಡಿದೆ. ಎರಡೂ ಕಡೆ ಬೂದಿ ಬಣ್ಣದ ಕೆನ್ನೆ. ಕನ್ನಡಕ ಏರಿಸಿ ನೋಡಿದೆ, ಬಿಸಿಲಿಗೆ ಹಿಡಿದು ನೋಡಿದೆ. ಬೂದಿ ಬೂದಿಯೇ.

ಆದ್ದರಿಂದ ಒಳಗಿನ ಪುಟ ನೋಡದೆ ಕೊಳ್ಳಬೇಡಿ. ಆನ್‌ಲೈನ್ ಆದರೆ ಸ್ಯಾಂಪಲ್ ಪುಟ ನೋಡಿ, ಇಲ್ಲವೇ ಒಳಗಡೆ ಕಲರ್ ಇದೆಯಾ ಅಂತ ಮಾರುವವರನ್ನೇ ಕೇಳಿ. ಇ-ಬುಕ್ ತಗೊಂಡು ಕಪ್ಪುಬಿಳುಪು ಕಿಂಡಲ್‌ನಲ್ಲಿ ಓದಿದರೂ ಇದೇ ಪಾಡು. ಇ-ಬುಕ್ ಬೇಕಿದ್ದರೆ ಟ್ಯಾಬ್‌ನಲ್ಲೋ ಕಂಪ್ಯೂಟರಿನಲ್ಲೋ ತೆರೆಯಿರಿ.

‘ಯೂಟ್ಯೂಬ್ ಇರುವಾಗ ಪುಸ್ತಕ ಯಾಕೆ ಸಾರ್?’ ಅಂತಾನೂ ಕೇಳುತ್ತಾರೆ. ನಾನೂ ಯೂಟ್ಯೂಬ್ ನೋಡುತ್ತೇನೆ. ಒಂದು ಟೂಲ್ ಎಲ್ಲಿದೆ, ಹೇಗೆ ಒತ್ತಬೇಕು ಅನ್ನೋದಕ್ಕೆ ಅದೇ ಸರಿ. ಆದರೆ ವಿಡಿಯೋದಲ್ಲಿ ಕೈ ಓಡುತ್ತಿರುತ್ತದೆ, ನಾವು ಹಿಂದೆ ಓಡುತ್ತಿರುತ್ತೇವೆ. ‘ಮೊದಲು’ ಮತ್ತು ‘ಆಮೇಲೆ’ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಹತ್ತು ನಿಮಿಷ ಸುಮ್ನೆ ನೋಡಬೇಕು ಅಂದರೆ ಪುಸ್ತಕವೇ ಬೇಕು. ರಿಟಚಿಂಗ್‌ನಲ್ಲಿ ಅರ್ಧ ಕೆಲಸ ನೋಡುವುದೇ ಅಲ್ವಾ?

ಅಂಗಡಿಯಲ್ಲಿ ಪುಸ್ತಕ ಕೈಗೆ ಬಂದರೆ ನಾನು ನೇರವಾಗಿ ಮುಖದ ಅಧ್ಯಾಯಕ್ಕೆ ಹೋಗುತ್ತೇನೆ. ‘ಆಮೇಲೆ’ ಚಿತ್ರದಲ್ಲಿ ಚರ್ಮದ ರಂಧ್ರ ಕಾಣುತ್ತಾ ನೋಡುತ್ತೇನೆ. ಮೇಣ ಹಚ್ಚಿದ ಹಾಗಿದ್ದರೆ ಅಲ್ಲಿಗೇ ಮುಚ್ಚಿ ಇಡುತ್ತೇನೆ. ಎರಡೂ ಚಿತ್ರದಲ್ಲಿ ಬೆಳಕು ಒಂದೇ ಥರ ಇದೆಯಾ ಅಂತಾನೂ ನೋಡಬೇಕು. ಕೆಲವರು ‘ಮೊದಲು’ ಚಿತ್ರವನ್ನು ಮಂಕು ಮಾಡಿ, ‘ಆಮೇಲೆ’ ಚಿತ್ರವನ್ನು ಬೆಳಗಿಸಿ ಬಿಟ್ಟಿರುತ್ತಾರೆ. ಅದು ತೂಕ ಇಳಿಸುವ ಪುಡಿಯ ಜಾಹೀರಾತಿನ ಆಟ.

ಇನ್ನೊಂದು ಪರೀಕ್ಷೆ ಇದೆ, ನನ್ನ ಮಟ್ಟಿಗೆ ಇದೇ ದೊಡ್ಡದು. ಫ್ರೀಕ್ವೆನ್ಸಿ ಸೆಪರೇಶನ್ ಅಂತ ಒಂದು ವಿಧಾನ. ಚರ್ಮದ ರಂಧ್ರ, ಗೆರೆ ಒಂದು ಲೇಯರಿಗೆ (ಒಂದರ ಮೇಲೊಂದು ಇಡುವ ಪಾರದರ್ಶಕ ಹಾಳೆ ಅನ್ನಿ), ಬಣ್ಣ ಮತ್ತು ನೆರಳು ಇನ್ನೊಂದಕ್ಕೆ ಬಿಡಿಸಿಡುವುದು. ಆಗ ರಂಧ್ರ ಮುಟ್ಟದೆ ಕಲೆ ತೆಗೆಯಬಹುದು. ಬಣ್ಣ, ನೆರಳು ಇರುವ ಕೆಳಗಿನ ಲೇಯರನ್ನು ಬ್ಲರ್ ಮಾಡಬೇಕು, ಅಂದರೆ ಮಸುಕಾಗಿಸಬೇಕು. ಎಷ್ಟು? ಕೆಲವು ಪುಸ್ತಕಗಳು ‘ರೇಡಿಯಸ್ 10 ಕೊಡಿ’ ಅಂತ ಹೇಳಿ ಮುಂದೆ ಹೋಗುತ್ತವೆ. ಆ 10 ಎಲ್ಲಿಂದ ಬಂತು? ಗ್ರೂಪ್ ಫೋಟೋದಲ್ಲಿ ಒಬ್ಬೊಬ್ಬರ ಮುಖ 200 ಪಿಕ್ಸೆಲ್ ಅಗಲ ಇರುತ್ತದೆ ಅನ್ನಿ, 10 ಕೊಟ್ಟರೆ ಮೂಗೇ ಕರಗಿಹೋಗುತ್ತದೆ. ವಧುವಿನ ಕ್ಲೋಸಪ್‌ನಲ್ಲಿ ಮುಖವೇ 3000 ಪಿಕ್ಸೆಲ್, ಅಲ್ಲಿ 10 ಕೊಟ್ಟರೆ ಮೂಗಿಗೆ ಏನೂ ಆಗುವುದಿಲ್ಲ. ಒಳ್ಳೆಯ ಪುಸ್ತಕ ಸಂಖ್ಯೆ ಹೇಳುವುದಿಲ್ಲ. ರಂಧ್ರ ಮಾಯವಾಗಿ ಕೆನ್ನೆಯ ಉಬ್ಬುತಗ್ಗು ಮಾತ್ರ ಉಳಿಯುವವರೆಗೆ ಬ್ಲರ್ ಏರಿಸಿ, ಅಲ್ಲಿ ನಿಲ್ಲಿಸಿ ಅನ್ನುತ್ತದೆ. ಇಲ್ಲವೇ ಸಂಖ್ಯೆ ಹೇಳಿ, ಯಾಕೆ ಅದೇ ಅಂತಾನೂ ಹೇಳುತ್ತದೆ. ಈ ಒಂದು ಪ್ಯಾರಾ ಓದಿದರೆ ಇಡೀ ಪುಸ್ತಕದ ಜಾತಕ ಗೊತ್ತಾಗುತ್ತದೆ.

‘ಯಾಕೆ’ ಗೊತ್ತಿದ್ದರೆ ಏನು ಲಾಭ ಅಂತ ಒಂದು ಮದುವೆಯಲ್ಲಿ ಗೊತ್ತಾಯಿತು. ಹೊರಗಡೆ ಕೆಂಪು ಶಾಮಿಯಾನ ಹಾಕಿದ್ದರು. ಮಧ್ಯಾಹ್ನದ ಬಿಸಿಲು ಆ ಬಟ್ಟೆಯಲ್ಲಿ ಸೋಸಿ ಇಳಿದು, ಧಾರೆ ಎರೆಯುವ ಹೊತ್ತಿಗೆ ಎಲ್ಲರ ಮುಖ ಕಲ್ಲಂಗಡಿ ಬಣ್ಣ. ನನ್ನ ಹತ್ತಿರ ಇದ್ದ ಅಮೆರಿಕದ ಪುಸ್ತಕದಲ್ಲಿ ಶಾಮಿಯಾನ ಎಲ್ಲಿಂದ ಬರಬೇಕು? ಅದರಲ್ಲಿ ಇದ್ದದ್ದು ಹುಲ್ಲಿನ ಮೇಲೆ ಮಲಗಿದ ಮಗು. ಗಲ್ಲದ ಕೆಳಗೆ ಹುಲ್ಲಿನ ಹಸಿರು ಹೊಡೆದಿದೆ. ಆದರೆ ಆ ಪುಣ್ಯಾತ್ಮ ವಿವರಿಸಿದ್ದ ರೀತಿ ಹೀಗಿತ್ತು: ಬೆಳಕು ಎಲ್ಲಿಂದ ಹಾದು ಬಂತೋ ಅಲ್ಲಿನ ಬಣ್ಣ ಹೊತ್ತು ತರುತ್ತದೆ. ಅದೇ ಬೆಳಕಿನಲ್ಲಿರುವ, ಬೆಳ್ಳಗೆ ಇರಲೇಬೇಕಾದ ಒಂದು ವಸ್ತು ಹುಡುಕಿ. ಅದರ ಬಣ್ಣ ಅಳೆಯಿರಿ.

ನನಗೆ ಸಿಕ್ಕಿದ್ದು ವರನ ಪಂಚೆ. ಬಣ್ಣ ಅಳೆಯುವ ಟೂಲ್ ಐಡ್ರಾಪರ್ ಇಟ್ಟರೆ ಕೆಂಪು 228, ಹಸಿರು 196, ನೀಲಿ 190. ಬಿಳಿ ಪಂಚೆಯಲ್ಲಿ ಮೂರೂ ಹೆಚ್ಚುಕಮ್ಮಿ ಒಂದೇ ಇರಬೇಕು. ಬಣ್ಣ, ಬೆಳಕು ಏರಿಳಿಸುವ ಕರ್ವ್ಸ್ ತೆರೆದು ಹಸಿರು, ನೀಲಿ ಎರಡನ್ನೂ ಮೇಲೆತ್ತಿದೆ. ಪಂಚೆ ಬಿಳಿಯಾಯಿತು, ಮುಖಗಳೂ ಹತೋಟಿಗೆ ಬಂದವು. ಆದರೆ ಶಾಮಿಯಾನದ ಆಚೆ ಬಿಸಿಲಲ್ಲಿ ನಿಂತಿದ್ದ ನೆಂಟರು ನವಿಲುಬಣ್ಣಕ್ಕೆ ತಿರುಗಿದರು! ಅಲ್ಲಿಗೆ ಮಾಸ್ಕ್‌ನಲ್ಲಿ ಕಪ್ಪು ಬಳಿದು ಆ ತಿದ್ದುಪಡಿಯನ್ನು ಅಲ್ಲಿ ಮಾತ್ರ ಮರೆಮಾಡಿದೆ, ಸರಿಹೋಯಿತು. ಹುಲ್ಲಿನ ಪಾಠ ಶಾಮಿಯಾನಕ್ಕೆ ಕೆಲಸಕ್ಕೆ ಬಂತು. ಬರೀ ‘ಇದನ್ನು ಒತ್ತಿ, ಅದನ್ನು ಎಳೆಯಿರಿ’ ಅಂತಿದ್ದರೆ ನಾನು ಇವತ್ತಿಗೂ ಹುಲ್ಲು ಹುಡುಕುತ್ತಿದ್ದೆ.

ಅದಕ್ಕೇ ‘ಈ ಪುಸ್ತಕ ಫೋಟೋಶಾಪಿನ ಹಳೇ ವರ್ಷನ್ನಿಗೆ ಬರೆದದ್ದು, ತಗೊಳ್ಳಬಹುದಾ?’ ಅಂತ ಕೇಳಿದರೆ ನಾನು ತಲೆಕೆಡಿಸಿಕೊಳ್ಳುವುದಿಲ್ಲ. ಫೋಟೋಶಾಪ್ ಮೊದಲು ಬಂದದ್ದು 1990ರಲ್ಲಿ. ಲೇಯರ್ 1994ರಲ್ಲಿ ಬಂತು, ಕಲೆ ಅಳಿಸುವ ಹೀಲಿಂಗ್ ಬ್ರಷ್ 2002ರಲ್ಲಿ. ಕರ್ವ್ಸ್, ಲೇಯರ್, ಮಾಸ್ಕ್, ಹೀಲಿಂಗ್ ಬ್ರಷ್, ಇಷ್ಟರಲ್ಲೇ ನನ್ನ ದಿನದ ಕೆಲಸದ ಮುಕ್ಕಾಲು ಭಾಗ ಮುಗಿಯುತ್ತದೆ. ಮೆನು ಜಾಗ ಬದಲಾಗಿರಬಹುದು, ಹುಡುಕಿದರೆ ಸಿಗುತ್ತದೆ. ಪುಕ್ಕಟೆ ಸಿಗುವ ಇನ್ನೊಂದು ಸಾಫ್ಟ್‌ವೇರ್ ಜಿಂಪ್‌ನಲ್ಲಿ ಕಲಿಯುವವರಿಗೂ ಬಹುಪಾಲು ಇದೇ ಪಾಠ ಸಾಕು. 2023ರಲ್ಲಿ, ಎಐನಿಂದ ಚಿತ್ರದ ಭಾಗವನ್ನು ತಾನೇ ತುಂಬುವ ಜನರೇಟಿವ್ ಫಿಲ್ ಬಂದ ಮೇಲೆ ಪುಸ್ತಕವೇ ದಂಡ ಅನ್ನುವವರಿದ್ದಾರೆ. ಹಿಂದೆ ನಿಂತ ಕುರ್ಚಿ, ವೈರು, ನೀರಿನ ಬಾಟಲಿ ತೆಗೆಯಲು ಅದು ಬಲು ಚೆನ್ನ. ಆದರೆ ಅಜ್ಜಿಯ ಮುಖಕ್ಕೆ ಹಾಕಿದರೆ ಬೇರೆ ಯಾರದೋ ಅಜ್ಜಿ ಬರುತ್ತಾರೆ.

ಹಳೇ ಪುಸ್ತಕ ಕೊಳ್ಳುವಾಗ ಒಂದು ಮಾತ್ರ ನೋಡಿ. ಅಭ್ಯಾಸದ ಫೋಟೋಗಳು ಮೊದಲೆಲ್ಲ ಹಿಂಬದಿಯ ಸಿಡಿಯಲ್ಲಿ ಇರುತ್ತಿದ್ದವು. ಸೆಕೆಂಡ್ ಹ್ಯಾಂಡಿನಲ್ಲಿ ಆ ಸಿಡಿ ಇರುವುದು ಅಪರೂಪ. ಹೊಸದರಲ್ಲಿ ಡೌನ್‌ಲೋಡ್ ಲಿಂಕ್ ಇರುತ್ತದೆ, ದುಡ್ಡು ಕೊಡುವ ಮುಂಚೆ ಮೊಬೈಲಿನಲ್ಲಿ ತೆರೆದು ನೋಡಿ. ಅದೂ ಇಲ್ಲದಿದ್ದರೆ ನಿಮ್ಮ ಮನೆಯವರ ಫೋಟೋನೇ ಇದೆಯಲ್ಲ. ಬೆಂಗಳೂರಿಗೆ ಹೋದವರು ಅವೆನ್ಯೂ ರೋಡ್‌, ಚರ್ಚ್ ಸ್ಟ್ರೀಟಿನ ಪುಸ್ತಕದಂಗಡಿಗಳಾದ ಬ್ಲಾಸಮ್, ಬುಕ್‌ವರ್ಮ್ ಕಡೆ ಒಂದು ಸುತ್ತು ಹಾಕಿ. ಸಿಗುತ್ತೆ ಅಂತ ಭರವಸೆ ಕೊಡಲಾರೆ. ಆದರೆ ಪುಟ ತಿರುಗಿಸಿ ನೋಡಬಹುದು, ಅದೇ ದೊಡ್ಡದು.

ಹೆಸರು ಹೇಳಿ ಅಂತ ಪೀಡಿಸುವವರಿಗೆ ಎರಡು ಹೇಳುತ್ತೇನೆ. ಕ್ಯಾಟ್ರಿನ್ ಐಸ್ಮನ್ ಅವರ ‘ಫೋಟೋಶಾಪ್ ರೆಸ್ಟೋರೇಶನ್ ಅಂಡ್ ರಿಟಚಿಂಗ್’. 2001ರಲ್ಲಿ ಮೊದಲು ಬಂದು, ತಿದ್ದುತ್ತಾ ತಿದ್ದುತ್ತಾ ನಾಲ್ಕನೇ ಆವೃತ್ತಿವರೆಗೆ ಬಂದಿದೆ. ಹರಿದ, ಮಾಸಿದ ಹಳೇ ಫೋಟೋ ಸರಿಮಾಡುವುದೂ ಅದರಲ್ಲಿದೆ, ಆ ಮೇಷ್ಟ್ರಿಗೆ ಬೇಕಿದ್ದದ್ದೂ ಅದೇ. ಕೈ ಸ್ವಲ್ಪ ಪಳಗಿದ ಮೇಲೆ ಡ್ಯಾನ್ ಮಾರ್ಗುಲಿಸ್ ಅವರ ‘ಪ್ರೊಫೆಷನಲ್ ಫೋಟೋಶಾಪ್’. ಮಾನಿಟರ್ ನಂಬಬೇಡ, ಸಂಖ್ಯೆ ನೋಡು ಅನ್ನುವ ಮನುಷ್ಯ. ಅದು ಕಬ್ಬಿಣದ ಕಡಲೆ, ಮೊದಲೇ ಕಚ್ಚಬೇಡಿ. ಇಂಗ್ಲಿಷ್ ಕಷ್ಟ ಅಂತ ಹೆದರುವುದೂ ಬೇಡ. ನಾನು ಕನ್ನಡ ಮೀಡಿಯಂ. ಒಂದು ಇನ್ನೂರು ಪದ ಗೊತ್ತಾದರೆ ಇಂಥ ಪುಸ್ತಕ ಓದಬಹುದು, ಅದರಲ್ಲಿ ಅರ್ಧ ಪದ ನೀವು ದಿನಾ ಮೆನುವಿನಲ್ಲಿ ನೋಡುವಂಥವೇ.

ಯಾವ ಪುಸ್ತಕದಲ್ಲೂ ಇಲ್ಲದ ಒಂದು ತೊಂದರೆ ನಮಗಿದೆ: ‘ಸ್ವಲ್ಪ ಬೆಳ್ಳಗೆ ಮಾಡಿ ಸಾರ್.’ ಹೊರಗಿನಿಂದ ಬರುವ ಪುಸ್ತಕಗಳಲ್ಲಿ ಉದಾಹರಣೆಗೆ ಇಟ್ಟ ಮುಖಗಳು ಜಾಸ್ತಿ ಬಿಳಿಯರದ್ದೇ. ಅದನ್ನೇ ನೋಡಿ ಕಲಿತ ಕೈ, ನಮ್ಮ ಎಣ್ಣೆಗಪ್ಪು ಮುಖವನ್ನೂ ಅತ್ತ ಕಡೆಗೇ ಎಳೆಯುತ್ತದೆ. ಅರಿಶಿನ ಹಚ್ಚಿದ ಹುಡುಗಿಯ ಫೋಟೋಗೆ ಆಟೋ ಕಲರ್ ಒತ್ತಿ ನೋಡಿ. ಅರಿಶಿನ ತೊಳೆದ ಹಾಗೆ ಹೋಗುತ್ತದೆ. ಅದನ್ನು ಹಚ್ಚಿದ ಸೋದರತ್ತೆ ಆಲ್ಬಂ ನೋಡಿ ಬೈದರೆ ತಪ್ಪೇನು? ಪುಸ್ತಕ ಆರಿಸುವಾಗ ಕಪ್ಪು, ಕಂದು ಮುಖಗಳೂ ಇವೆಯಾ ಅಂತ ಒಮ್ಮೆ ಪುಟ ಹಾರಿಸಿ ನೋಡಿ. ಇದ್ದರೆ ಬೇರೆ ಸಣ್ಣಪುಟ್ಟ ಕೊರತೆ ಇದ್ದರೂ ನಾನು ಕೊಳ್ಳುತ್ತೇನೆ.

ಬೆಲೆ ಕೇಳಿದ ಮೇಲೆ ಎಲ್ಲರದೂ ಕೊನೆಯ ಪ್ರಶ್ನೆ ಒಂದೇ: ‘ನಿಮ್ಮದೇ ಒಂದು ವಾರಕ್ಕೆ ಕೊಡ್ತೀರಾ?’ ಇಲ್ಲ. ಒಮ್ಮೆ ಕೊಟ್ಟಿದ್ದೆ, ಎಂಟು ತಿಂಗಳ ಮೇಲೆ ಬಂತು, ಚರ್ಮದ ಬಣ್ಣದ ಪುಟದ ಮೇಲೆ ಸಾಂಬಾರಿನ ಕಲೆ ಸಮೇತ. ಬೇಕಿದ್ದರೆ ಇಲ್ಲೇ ಬಂದು ಕೂತು ನೋಡಿ. ಆಷಾಢದಲ್ಲಿ ಬನ್ನಿ, ಮದುವೆ ಇರಲ್ಲ, ಕೆಲಸ ಕಮ್ಮಿ.