ಧರ್ಮಕ್ಕೆ ಕೊಟ್ಟ ರಕ್ತ, ದುಡ್ಡು ಕೊಟ್ಟು ತರುವ ಆಲ್ಬುಮಿನ್: ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಮಂಗಳೂರು, ಉಡುಪಿ ಕಡೆ ರಕ್ತದಾನ ಶಿಬಿರ ಇಲ್ಲದ ಆದಿತ್ಯವಾರ ಕಡಿಮೆ. ಯುವಕ ಮಂಡಲ, ಭಜನಾ ಮಂದಿರ, ಚರ್ಚ್ ಹಾಲ್, ಮಸೀದಿ, ಕಾಲೇಜು, ಎಲ್ಲೇ ನಡೆಯಲಿ, ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ನಾವು ಧರ್ಮಕ್ಕೆ ಕೊಟ್ಟ ರಕ್ತ ಅಲ್ವಾ ಮಾರ್ರೆ? ಅದರಿಂದಲೇ ತೆಗೆದ ಆಲ್ಬುಮಿನ್ ಬಾಟ್ಲಿಗೆ ಸಾವಿರಗಟ್ಟಲೆ ಯಾಕೆ?" ಆಲ್ಬುಮಿನ್ ಎಂದರೆ ರಕ್ತದಲ್ಲಿರುವ ಒಂದು ಪ್ರೊಟೀನು, ಲಿವರ್ ಕಾಯಿಲೆಯವರಿಗೆ ಡ್ರಿಪ್ಪಿನಲ್ಲಿ ಕೊಡುವಂಥದ್ದು. ಮನೆಯಲ್ಲಿ ಅಂಥವರಿದ್ದರೆ ಈ ಮಾತಿನಲ್ಲಿ ಸಿಟ್ಟೂ ಇರುತ್ತದೆ. ಆ ಸಿಟ್ಟು ನ್ಯಾಯವಾದದ್ದೇ, ಅದಕ್ಕೆ ಹಾರಿಕೆಯ ಉತ್ತರ ಕೊಡಬಾರದು.

ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ. ನಮ್ಮ ದೇಶದಲ್ಲಿ ರಕ್ತವನ್ನು ಮಾರುವ ಹಾಗಿಲ್ಲ. ಸುಪ್ರೀಂ ಕೋರ್ಟಿನ 1996ರ ತೀರ್ಪಿನ ನಂತರ, 1998ರ ಜನವರಿ 1ರಿಂದ ದುಡ್ಡಿಗೆ ರಕ್ತ ಕೊಡುವ ಪದ್ಧತಿಯೇ ನಿಷೇಧವಾಯಿತು. ರಕ್ತನಿಧಿ ತೆಗೆದುಕೊಳ್ಳುವುದು ಚೀಲ, ಪರೀಕ್ಷೆ, ಸಂಗ್ರಹಣೆಯ ಖರ್ಚನ್ನು. ಆಲ್ಬುಮಿನ್ ವಿಷಯ ಬೇರೆ. ಅದು ಕಾರ್ಖಾನೆಯಲ್ಲಿ ತಯಾರಾಗುವ ಔಷಧಿ. ಕಂಪನಿಯ ಲಾಭವೂ ಅದರ ಬೆಲೆಯಲ್ಲಿ ಉಂಟು, ಇಲ್ಲ ಎನ್ನುವುದಿಲ್ಲ. ಆದರೆ ಲಾಭವನ್ನು ಬದಿಗಿಟ್ಟರೂ ಅದು ಅಗ್ಗದ ವಸ್ತುವಾಗುವುದಿಲ್ಲ. ಯಾಕೆಂದು ತಿಳಿಯಬೇಕಾದರೆ ನೀವು ಕೊಟ್ಟ ಚೀಲದ ಹಿಂದೆಯೇ ಹೋಗಬೇಕು.

ನೀವು ಕೊಡುವುದು 350 ಮಿ.ಲೀ. ಚೀಲದಲ್ಲಿ ಮೊದಲೇ ರಕ್ತ ಹೆಪ್ಪುಗಟ್ಟದಂತೆ ತಡೆಯುವ 49 ಮಿ.ಲೀ. ದ್ರಾವಣ ಇರುತ್ತದೆ. ತಂಪು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದರೆ ಕೆಂಪು ಕಣ ಅಡಿಗೆ, ನಡುವೆ ತೆಳುವಾದ ಬಿಳಿ ಪದರ, ಮೇಲೆ ಹಳದಿ ನೀರು. ಆ ಹಳದಿ ನೀರೇ ಪ್ಲಾಸ್ಮಾ. ಚೀಲವನ್ನು ಮೆಲ್ಲಗೆ ಒತ್ತಿ ಅದನ್ನು ಪಕ್ಕದ ಚೀಲಕ್ಕೆ ಹರಿಸುತ್ತಾರೆ. ಕೈ ಸ್ವಲ್ಪ ಅಲುಗಾಡಿದರೂ ಕೆಂಪು ಕಣ ಮೇಲೆದ್ದು ಪ್ಲಾಸ್ಮಾಕ್ಕೆ ಸೇರುತ್ತದೆ. ಒಂದು ಚೀಲಕ್ಕೆ ಸಿಗುವ ಪ್ಲಾಸ್ಮಾ ಸುಮಾರು 150ರಿಂದ 200 ಮಿ.ಲೀ.

ಈಗ ಲೆಕ್ಕ ಹಾಕಿ. ಕಾರ್ಖಾನೆಯಲ್ಲಿ ಒಂದು ಲೀಟರ್ ಪ್ಲಾಸ್ಮಾದಿಂದ ಕೈಗೆ ಸಿಗುವ ಆಲ್ಬುಮಿನ್ ಹೆಚ್ಚುಕಡಿಮೆ 25 ಗ್ರಾಂ. 100 ಮಿ.ಲೀ.ನ ಶೇ. 20ರ ಬಾಟಲಿಯಲ್ಲಿ 20 ಗ್ರಾಂ ಇರುತ್ತದೆ. ಅಂದರೆ ಒಂದು ಬಾಟಲಿಯ ಹಿಂದೆ ನಾಲ್ಕೈದು ದಾನಿಗಳಿದ್ದಾರೆ. ಲಿವರ್ ಕೆಟ್ಟು ಹೊಟ್ಟೆಯಲ್ಲಿ ತುಂಬಿದ ನೀರನ್ನು 5 ಲೀಟರಿಗಿಂತ ಹೆಚ್ಚು ತೆಗೆದರೆ, ತೆಗೆದ ಪ್ರತಿ ಲೀಟರಿಗೆ 6ರಿಂದ 8 ಗ್ರಾಂ ಆಲ್ಬುಮಿನ್ ಕೊಡಬೇಕು. 8 ಲೀಟರ್ ತೆಗೆದರೆ ಸುಮಾರು ಮೂರು ಬಾಟಲಿ. ರೋಗದ ವಿರುದ್ಧ ಹೋರಾಡುವ ಪ್ರೊಟೀನಾದ ಇಮ್ಯುನೊಗ್ಲೋಬುಲಿನ್‌ನದು ಇನ್ನೂ ಕಷ್ಟ. ಲೀಟರಿಗೆ ಸಿಗುವುದು 4 ಗ್ರಾಂ ಆಸುಪಾಸು. ಕೈಕಾಲಿನ ಶಕ್ತಿ ಉಡುಗಿಹೋಗುವ ಗಿಯಾನ್-ಬಾರೆ ಕಾಯಿಲೆಗೆ ಕೆ.ಜಿ.ಗೆ 2 ಗ್ರಾಂನಂತೆ, 60 ಕೆ.ಜಿ.ಯ ಒಬ್ಬರಿಗೆ ಐದು ದಿನದಲ್ಲಿ 120 ಗ್ರಾಂ ಬೇಕು. 30 ಲೀಟರ್ ಪ್ಲಾಸ್ಮಾ, ಅಂದರೆ 150ಕ್ಕೂ ಮಿಕ್ಕಿದ ದಾನಿಗಳು. ದೊಡ್ಡ ಶಿಬಿರವೊಂದರ ಅಷ್ಟೂ ಜನರ ಹಳದಿ ನೀರು ಒಬ್ಬ ರೋಗಿಗೆ.

ಹೀಗಿರುವಾಗ "ಸ್ವಲ್ಪ ಶಕ್ತಿ ಬರಲಿ, ಒಂದು ಆಲ್ಬುಮಿನ್ ಹಾಕಿ" ಎಂದು ಕೇಳುವುದು ಬೇಡ. ರಕ್ತದ ಆಲ್ಬುಮಿನ್ ಪೌಷ್ಟಿಕ ಆಹಾರವಲ್ಲ. ಶಕ್ತಿಗೆ ಮೊಟ್ಟೆ, ಮೀನು, ಬೇಳೆ ಸಾಕು.

ಪ್ಲಾಸ್ಮಾದಿಂದ ಇವನ್ನು ಬೇರೆ ಮಾಡುವ ದಾರಿ ಕಂಡುಹಿಡಿದವರು ಹಾರ್ವರ್ಡ್‌ನ ಎಡ್ವಿನ್ ಕೋನ್, ಎರಡನೇ ಮಹಾಯುದ್ಧದ ಹೊತ್ತಿಗೆ. 1941ರ ಡಿಸೆಂಬರಿನಲ್ಲಿ ಪರ್ಲ್ ಹಾರ್ಬರ್‌ನ ಗಾಯಾಳುಗಳಿಗೆ ಕೊಟ್ಟದ್ದು ಇದೇ ಆಲ್ಬುಮಿನ್. ಅದರ ತತ್ವ ನಮ್ಮ ಅಡುಗೆಮನೆಯಲ್ಲೇ ಉಂಟು. ಹಾಲಿಗೆ ಲಿಂಬೆ ಹಿಂಡಿದರೆ ಒಡೆಯುತ್ತದೆ, ಯಾಕೆಂದರೆ ಹುಳಿಯ ಅಳತೆಯಾದ ಪಿಎಚ್ 4.6ರ ಹತ್ತಿರ ಹಾಲಿನ ಪ್ರೊಟೀನಿಗೆ ನೀರಿನಲ್ಲಿ ಕರಗಿ ನಿಲ್ಲಲು ಆಗುವುದಿಲ್ಲ. ರಕ್ತದ ಪ್ರತಿ ಪ್ರೊಟೀನಿಗೂ ಅಂಥದ್ದೊಂದು ಪಿಎಚ್ ಇದೆ. ಕೋನ್ ಹುಳಿಯ ಜೊತೆಗೆ ಆಲ್ಕೋಹಾಲ್ ಮತ್ತು ತಂಪನ್ನು ಸೇರಿಸಿದರು. ಆಲ್ಕೋಹಾಲ್ ಶೇ. 8, ಪಿಎಚ್ 7.2, ತಂಪು ಮೈನಸ್ 3 ಡಿಗ್ರಿ ಇದ್ದರೆ ರಕ್ತ ಹೆಪ್ಪುಗಟ್ಟಲು ಬೇಕಾದ ಫೈಬ್ರಿನೊಜೆನ್ ಕೆಳಗೆ ಕೂರುತ್ತದೆ. ಶೇ. 25, ಪಿಎಚ್ 6.9, ಮೈನಸ್ 5ಕ್ಕೆ ಇಮ್ಯುನೊಗ್ಲೋಬುಲಿನ್ ಇರುವ ಭಾಗ. ನಡುವೆ ಎರಡು ಹಂತದಲ್ಲಿ ಬೇರೆ ಗ್ಲೋಬುಲಿನ್‌ಗಳನ್ನು ಕಳೆದು, ಕೊನೆಗೆ ಶೇ. 40, ಪಿಎಚ್ 4.8, ಮೈನಸ್ 5ರಲ್ಲಿ ಆಲ್ಬುಮಿನ್. ಐದನೇ ಭಾಗ (ಫ್ರಾಕ್ಷನ್ 5) ಎಂದು ಇವತ್ತಿಗೂ ಕರೆಯುವುದು ಅದನ್ನೇ.

ಒಡೆದ ಹಾಲು ಮತ್ತೆ ಹಾಲಾಗುವುದಿಲ್ಲ. ಇಲ್ಲಿ ಕೂತ ಪ್ರೊಟೀನು ಮತ್ತೆ ಕರಗಬೇಕು, ತನ್ನ ಕೆಲಸವನ್ನೂ ಮಾಡಬೇಕು. ಆದ್ದರಿಂದಲೇ ಇಷ್ಟೆಲ್ಲ ತಂಪು. ನೀರಿಗೆ ಆಲ್ಕೋಹಾಲ್ ಬೆರೆತಾಗ ಬಿಸಿ ಹುಟ್ಟುತ್ತದೆ, ಅವಸರದಿಂದ ಸುರಿದರೆ ಬಿದ್ದ ಜಾಗದಲ್ಲೇ ಪ್ರೊಟೀನು ಬೆಂದ ಮೊಟ್ಟೆಯಂತಾಗುತ್ತದೆ. ನೊರೆ ಬಂದರೂ ಕೆಡುತ್ತದೆ. ಹಾಗಾಗಿ ಸಣ್ಣ ಧಾರೆಯಲ್ಲಿ, ಕಲಕುತ್ತಾ, ತಾಪ ನೋಡುತ್ತಾ ಗಂಟೆಗಟ್ಟಲೆ ಬಿಡಬೇಕು.

ಕೋನ್ ವಿಧಾನದಲ್ಲಿ ರಕ್ತ ಹೆಪ್ಪುಗಟ್ಟಿಸುವ ಫ್ಯಾಕ್ಟರ್ 8 ಹೆಚ್ಚೇನೂ ಉಳಿಯುತ್ತಿರಲಿಲ್ಲ. ಗಾಯವಾದರೆ ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫೀಲಿಯಾ ಕಾಯಿಲೆಯ ಮಕ್ಕಳಿಗೆ ದಾರಿ ತೆರೆದವರು ಸ್ಟ್ಯಾನ್‌ಫರ್ಡ್‌ನ ಜೂಡಿತ್ ಪೂಲ್, 1964ರ ಸುಮಾರಿಗೆ. ಮಂಜುಗಡ್ಡೆಯಂತೆ ಗಟ್ಟಿಯಾದ ಪ್ಲಾಸ್ಮಾವನ್ನು 4 ಡಿಗ್ರಿಯ ಫ್ರಿಜ್‌ನಲ್ಲಿ ನಿಧಾನ ಕರಗಿಸಿದರೆ ಅಡಿಯಲ್ಲಿ ಬಿಳಿ ಗಸಿ ಉಳಿಯುತ್ತದೆ. ಫ್ಯಾಕ್ಟರ್ 8 ಇರುವುದು ಆ ಗಸಿಯಲ್ಲಿ. ಕ್ರಯೋ ಎಂದು ಹೇಳುವುದು ಇದಕ್ಕೇ. ಸ್ವಲ್ಪ ಬೆಚ್ಚಗಾದರೆ ಗಸಿ ವಾಪಸ್ ಕರಗಿಹೋಗುತ್ತದೆ, ಅಷ್ಟೇ ಎಚ್ಚರಿಕೆ ಬೇಕು. ಹೆರಿಗೆಯಲ್ಲಿ ರಕ್ತಸ್ರಾವ ನಿಲ್ಲದೆ ಫೈಬ್ರಿನೊಜೆನ್ ಇಳಿದಾಗ ನಮ್ಮ ಆಸ್ಪತ್ರೆಗಳಲ್ಲಿ ಓಡಿ ತರುವುದು ಇದನ್ನೇ. ಯಂತ್ರಕ್ಕಿಂತ ಕಣ್ಣು ಮಾಡಿದ ಈ ಶೋಧ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಇನ್ನು ಪರೀಕ್ಷೆ. ಕಾರ್ಖಾನೆಯಲ್ಲಿ ಸಾವಿರಾರು ಜನರ ಪ್ಲಾಸ್ಮಾವನ್ನು ಒಂದೇ ತೊಟ್ಟಿಗೆ ಸುರಿಯುತ್ತಾರೆ. ಒಂದು ಚೀಲದಲ್ಲಿ ವೈರಸ್ ಇದ್ದರೆ ಇಡೀ ತೊಟ್ಟಿ ಕೆಟ್ಟಿತು. 1980ರ ದಶಕದ ಮೊದಲ ವರ್ಷಗಳಲ್ಲಿ ಫ್ಯಾಕ್ಟರ್ 8ರ ಮೂಲಕ ಎಷ್ಟೋ ಹಿಮೋಫೀಲಿಯಾ ರೋಗಿಗಳಿಗೆ ಎಚ್‌ಐವಿ ತಗಲಿದ್ದು ಹೀಗೆ. ನಮ್ಮ ದೇಶದಲ್ಲಿ ಪ್ರತಿ ಚೀಲಕ್ಕೂ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆ ಕಡ್ಡಾಯ. ಹಿಂದೆ ಇಷ್ಟು ಸೂಕ್ಷ್ಮವಾಗಿ ಅಳೆಯಲು ವಿಕಿರಣಶೀಲ ವಸ್ತು ಬೇಕಿತ್ತು. 1971ರಲ್ಲಿ ಸ್ಟಾಕ್‌ಹೋಮಿನ ಇವಾ ಎಂಗ್ವಾಲ್ ಮತ್ತು ಪೀಟರ್ ಪರ್ಲ್‌ಮನ್ ಅದರ ಜಾಗಕ್ಕೆ ಬಣ್ಣ ಹುಟ್ಟಿಸುವ ಕಿಣ್ವವನ್ನು ತಂದರು. ಅದೇ ಎಲಿಸಾ. ಸಣ್ಣ ಊರಿನ ರಕ್ತನಿಧಿಗೂ ಈ ಪರೀಕ್ಷೆ ಕೈಗೆಟಕಿದ್ದು ಅದರಿಂದ. 96 ಗುಳಿಯ ತಟ್ಟೆ, ಒಂದೊಂದು ಗುಳಿಗೆ ಒಬ್ಬೊಬ್ಬರ ಸ್ಯಾಂಪಲ್. ವೈರಸ್ಸಿನ ಗುರುತು ಇದ್ದಲ್ಲಿ ನೀಲಿ ಏರುತ್ತದೆ, ಆಮ್ಲ ಹಾಕಿದ ಕೂಡಲೇ ಹಳದಿಯಾಗುತ್ತದೆ, ಯಂತ್ರ 450 ನ್ಯಾನೊಮೀಟರ್ ಬೆಳಕಿನಲ್ಲಿ ಓದುತ್ತದೆ. ತೊಳೆಯುವ ನಳಿಕೆಯೊಂದು ಕಟ್ಟಿಕೊಂಡರೆ ಮಿಕ್ಕುಳಿದ ಕಿಣ್ವ ಆ ಸಾಲಿಡೀ ಸುಳ್ಳು ಬಣ್ಣ ಬರಿಸುತ್ತದೆ.

ಸೋಂಕು ತಗಲಿದ ಹೊಸತರಲ್ಲಿ ಎಲಿಸಾಕ್ಕೂ ಕಣ್ಣು ಕಾಣುವುದಿಲ್ಲ. ಹೆಪಟೈಟಿಸ್ ಸಿ ವಿರುದ್ಧ ದೇಹ ತಯಾರಿಸುವ ಪ್ರತಿಕಾಯ ಸಿಕ್ಕಲು ಸುಮಾರು ಎರಡು ತಿಂಗಳು ಬೇಕು. ವೈರಸ್ಸಿನ ಜೀನನ್ನೇ ಹುಡುಕುವ ನ್ಯಾಟ್ ಪರೀಕ್ಷೆ ಅದನ್ನು ಒಂದು ವಾರದ ಆಸುಪಾಸಿಗೆ ಇಳಿಸುತ್ತದೆ, ಸೊನ್ನೆಗೆ ಇಳಿಸುವುದಿಲ್ಲ. ಆದ್ದರಿಂದ ದಯವಿಟ್ಟು ಪರೀಕ್ಷೆ ಮಾಡಿಸಿಕೊಳ್ಳಲೆಂದು ರಕ್ತ ಕೊಡಬೇಡಿ. ಸರಕಾರಿ ಆಸ್ಪತ್ರೆಯ ಆಪ್ತ ಸಮಾಲೋಚನಾ ಕೇಂದ್ರದಲ್ಲಿ ಎಚ್‌ಐವಿ ಪರೀಕ್ಷೆ ಉಚಿತ, ಗುಟ್ಟನ್ನೂ ಕಾಯುತ್ತಾರೆ.

ಉಳಿದ ಅಪಾಯವನ್ನು ಕಾರ್ಖಾನೆ ಕೊಲ್ಲಬೇಕು. ಆಲ್ಬುಮಿನನ್ನು 60 ಡಿಗ್ರಿಯಲ್ಲಿ 10 ಗಂಟೆ ಕಾಯಿಸುತ್ತಾರೆ. ಅದು ಕೆಡದಂತೆ ಕ್ಯಾಪ್ರಿಲೇಟ್ ಎಂಬ ಕೊಬ್ಬಿನಾಮ್ಲದ ಉಪ್ಪನ್ನು ಮೊದಲೇ ಸೇರಿಸಿರುತ್ತಾರೆ. ಫ್ಯಾಕ್ಟರ್ 8ಕ್ಕೆ ನ್ಯೂಯಾರ್ಕ್ ಬ್ಲಡ್ ಸೆಂಟರ್‌ನವರು ದ್ರಾವಕ ಮತ್ತು ಡಿಟರ್ಜೆಂಟ್ ಬಳಸುವ ದಾರಿ ಕಂಡುಕೊಂಡರು, 1985ರಲ್ಲಿ ಅದಕ್ಕೆ ಪರವಾನಗಿ ಸಿಕ್ಕಿತು. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ವೈರಸ್‌ಗಳ ಹೊರಪೊರೆ ಕೊಬ್ಬಿನದು. ಬಂಗುಡೆ ಕಾಯಿಸಿದ ಬಾಣಲೆಯ ಜಿಡ್ಡು ಸೋಪಿಗೆ ಬಿಡುವಂತೆ ಆ ಪೊರೆ ಬಿಡುತ್ತದೆ. ಪೊರೆ ಇಲ್ಲದ ಹೆಪಟೈಟಿಸ್ ಎ, ಪಾರ್ವೊ ವೈರಸ್‌ಗಳಿಗೆ ಸೋಪು ತಾಗದು. ಅದಕ್ಕಾಗಿ 20 ನ್ಯಾನೊಮೀಟರ್ ಆಸುಪಾಸಿನ ರಂಧ್ರದ ಸೋಸುಪೊರೆ ಬೇಕು.

ಆದರೆ ಚೀಲ ರಕ್ತನಿಧಿಯಿಂದ ಕಾರ್ಖಾನೆಗೆ ಹೊರಡುವ ಮೊದಲೇ ಕೆಟ್ಟರೆ ಇಷ್ಟೆಲ್ಲ ಇದ್ದೂ ಪ್ರಯೋಜನವಿಲ್ಲ. ರಕ್ತ ತೆಗೆದ 6ರಿಂದ 8 ಗಂಟೆಯೊಳಗೆ ಪ್ಲಾಸ್ಮಾ ಬೇರೆಯಾಗಿ ಮೈನಸ್ 30ರಲ್ಲಿ ಗಟ್ಟಿಯಾಗಬೇಕು. ತಡವಾದರೆ ಮೊದಲು ಕೆಟ್ಟು ಕಡಿಮೆಯಾಗುವುದು ಫ್ಯಾಕ್ಟರ್ 8. ಗಟ್ಟಿಯಾದ ಚೀಲ ಗಾಜಿನಂತೆ. ಎತ್ತಿಡುವಾಗ ಮೂಲೆ ತಾಗಿದರೆ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ, ಅದು ಗೊತ್ತಾಗುವುದು 37 ಡಿಗ್ರಿ ನೀರಿನಲ್ಲಿ ಕರಗಿಸುವಾಗ ಸೋರಿದ ಮೇಲೆ. ಕರೆಂಟು ಹೋಗಿ ನಡುವೆ ಕರಗಿತ್ತೇ ಎಂದು ತಿಳಿಯಲು ಒಂದು ಸರಳ ಉಪಾಯ ಇದೆ: ಗಟ್ಟಿಯಾಗುವಾಗ ಚೀಲದ ಸೊಂಟಕ್ಕೆ ರಬ್ಬರ್ ಬ್ಯಾಂಡ್ ಹಾಕಿ, ಆಮೇಲೆ ತೆಗೆದುಬಿಡುವುದು. ಒತ್ತಿದ ಗೆರೆ ಉಳಿದಿದ್ದರೆ ಸರಿ. ಗೆರೆ ಮಾಸಿದ್ದರೆ ಕರಗಿ ಮತ್ತೆ ಗಟ್ಟಿಯಾಗಿದೆ, ಆ ಚೀಲ ಬೇಡ.

ದಾನಿಗಳ ಕೈಯಲ್ಲಿರುವುದೂ ಒಂದು ಉಂಟು. ಕೋಳಿ ಘೀ ರೋಸ್ಟ್ ಉಂಡು ಬಂದು ರಕ್ತ ಕೊಡಲು ಮಲಗಿದರೆ ಪ್ಲಾಸ್ಮಾ ಹಳದಿಯ ಬದಲು ಹಾಲಿನ ಬಣ್ಣಕ್ಕೆ ಬರುತ್ತದೆ. ಅಂಥ ಪ್ಲಾಸ್ಮಾವನ್ನು ಎಸೆಯಬೇಕಾಗುತ್ತದೆ, ಪರೀಕ್ಷೆಯ ಓದೂ ತಪ್ಪಬಹುದು. ಖಾಲಿ ಹೊಟ್ಟೆಯಲ್ಲೂ ಬರಬೇಡಿ, ತಲೆ ತಿರುಗುತ್ತದೆ. ಇಡ್ಲಿ, ಮೂಡೆ, ನೀರ್ ದೋಸೆ ತಿಂದು, ಚೆನ್ನಾಗಿ ನೀರು ಕುಡಿದು ಬನ್ನಿ.

ಬೈಂದೂರು, ಸುಳ್ಯ, ಬೆಳ್ತಂಗಡಿ ಕಡೆ ಶಿಬಿರ ಮಾಡುವವರಿಗೆ ಒಂದು ಮಾತು: ಸಭಾ ಕಾರ್ಯಕ್ರಮವನ್ನು ರಕ್ತ ತೆಗೆಯುವುದಕ್ಕಿಂತ ಮೊದಲೇ ಮುಗಿಸಿ ಅಥವಾ ಬೇರೆ ದಿನಕ್ಕೆ ಇಡಿ. 9 ಗಂಟೆಗೆ ತೆಗೆದ ಚೀಲ ಕೊನೆಯ ದಾನಿಯನ್ನೂ ವಂದನಾರ್ಪಣೆಯನ್ನೂ ಕಾದು ಸಂಜೆ ರಕ್ತನಿಧಿಗೆ ತಲುಪಿದರೆ 8 ಗಂಟೆ ಆಗಲೇ ದಾಟಿರುತ್ತದೆ. ಮಧ್ಯಾಹ್ನಕ್ಕೆ ಒಂದು ಗಾಡಿಯಲ್ಲಿ ಮೊದಲ ಚೀಲಗಳನ್ನು ಕಳಿಸಿಬಿಡಿ.